ಪತ್ರಿಕೆ ಓದುವುದನ್ನು ಕಲಿಯುವ ಬಗ್ಗೆ

(ಈ ಸಾಲಿನ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತಯಾರಾಗುತ್ತಿರುವ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)

 

ನಮ್ಮ ಸಭೆಗಳಲ್ಲಿ ಐಎಎಸ್, ಕೆಎಎಸ್ ಮಾತು ಬಂದರೆ ಸಾಚಾರ್ ಸಮಿತಿಯಿಂದ ಶುರು ಮಾಡುವುದು ರೂಢಿ. 2006ರ ಆ ವರದಿಯ ಪ್ರಕಾರ ಐಎಎಸ್‌ನಲ್ಲಿ ಮುಸ್ಲಿಮರು ಶೇ 3, ಐಪಿಎಸ್‌ನಲ್ಲಿ ಶೇ 4, ವಿದೇಶಾಂಗ ಸೇವೆಯಲ್ಲಿ ಶೇ 1.8. ಈ ಅಂಕಿಗಳನ್ನು ಕೇಳುತ್ತೇವೆ, ನಿಟ್ಟುಸಿರು ಬಿಡುತ್ತೇವೆ, ಊಟ ಮುಗಿಸಿ ಮನೆಗೆ ಹೋಗುತ್ತೇವೆ. ಇವತ್ತು ಅದನ್ನು ಇಲ್ಲಿಗೇ ಬಿಡುತ್ತೇನೆ. ನನಗೆ ಕೊಟ್ಟಿರುವ ವಿಷಯ ಪ್ರಚಲಿತ ವಿದ್ಯಮಾನ, ನೀವೆಲ್ಲ ಕರೆಂಟ್ ಅಫೇರ್ಸ್ ಅನ್ನುತ್ತೀರಲ್ಲ, ಅದು.

ಕಳೆದ ವರ್ಷ ಇದೇ ಸಭೆ ಮುಗಿದ ಮೇಲೆ ಒಬ್ಬ ತಾಯಿ ನನ್ನನ್ನು ತಡೆದು ಕೇಳಿದರು: "ಸಾರ್, ಮಗಳು ದಿನವಿಡೀ ಮೊಬೈಲ್ ನೋಡ್ತಾಳೆ. ಕೇಳಿದರೆ ಕರೆಂಟ್ ಅಫೇರ್ಸ್ ಅಮ್ಮಿ ಅಂತಾಳೆ. ನಿಜವಾ?" ಮಗಳು ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದಳು. ಫೋನ್ ಇಸಕೊಂಡು ನೋಡಿದೆ. ನಿಜವೇ. ಹನ್ನೊಂದು ಟೆಲಿಗ್ರಾಂ ಗುಂಪು, ದಿನಕ್ಕೆ ನಾಲ್ಕು ಪಿಡಿಎಫ್. ಯಾವ ದೇಶದ ಪ್ರಧಾನಿ ಯಾರು, ಯಾವ ದಿನ ಯಾವ ದಿನಾಚರಣೆ, ಯಾವ ಪುಸ್ತಕಕ್ಕೆ ಯಾವ ಪ್ರಶಸ್ತಿ. ಅದರ ಜತೆಗೆ ಟ್ರಸ್ಟ್ ಕೊಟ್ಟ ಹಣದಲ್ಲಿ ಕೊಂಡ ತಿಂಗಳ ಪುಸ್ತಕಗಳು, ಒಂದರ ಮೇಲೊಂದು. ಹುಡುಗಿ ಸೋಮಾರಿಯಲ್ಲ. ನಮ್ಮಲ್ಲಿ ಅನೇಕರಿಗಿಂತ ಹೆಚ್ಚು ದುಡಿಯುತ್ತಿದ್ದಳು. ಆದರೆ ಆ ದುಡಿಮೆ ಎಲ್ಲಿಗೆ ಹೋಗುತ್ತದೆ ಅನ್ನುವುದು ನನಗೆ ಗೊತ್ತು, ಯಾಕೆಂದರೆ ನಾನೂ ಅದನ್ನೇ ಮಾಡಿದವನು.

ತೊಂಬತ್ತರ ದಶಕ. ಆಗ ಟೆಲಿಗ್ರಾಂ ಇರಲಿಲ್ಲ, ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಇಯರ್ ಬುಕ್ ಸಿಗುತ್ತಿತ್ತು. ಅದನ್ನು ಉರು ಹೊಡೆದು ಪರೀಕ್ಷೆಗೆ ಕೂತೆ. ಮುಖ್ಯ ಪರೀಕ್ಷೆಯಲ್ಲಿ ಪಂಚಾಯತ್ ರಾಜ್ ಬಗ್ಗೆ ಪ್ರಶ್ನೆ ಬಂತು. ಸಂವಿಧಾನದ 73ನೇ ತಿದ್ದುಪಡಿ, 1993ರ ಏಪ್ರಿಲ್ 24ರಿಂದ ಜಾರಿ, ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ. ಇಷ್ಟು ಬರೆದೆ, ನಿಂತೆ. ಅರ್ಧ ಪುಟ. ಇನ್ನು ಬರೆಯುವುದೇನೂ ಉಳಿದಿರಲಿಲ್ಲ.

ನನ್ನ ಅಬ್ಬಾ ಓದು ಬರಹ ಹೆಚ್ಚು ಬಾರದವರು, ಹಳ್ಳಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ನಮ್ಮೂರಿಗೆ ಬೋರ್‌ವೆಲ್ ಬಂದಿದ್ದು ಹೇಗೆ ಎಂದು ಅವರು ನೂರು ಸಲ ಹೇಳಿದ್ದರು. ಅಬ್ದುಲ್ ನಜೀರ್ ಸಾಬ್, ಜನ 'ನೀರ್ ಸಾಬ್' ಎಂದು ಕರೆದ ಮಂತ್ರಿ. ಬರೀ ಬೋರ್‌ವೆಲ್ ಅಲ್ಲ, ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ 1983ರ ಪಂಚಾಯತ್ ಕಾಯ್ದೆಯನ್ನು ಮುಂದೆ ನಿಂತು ತಂದವರು ಅವರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ, ಮಹಿಳೆಯರಿಗೆ ಶೇ 25 ಮೀಸಲು. 1987ರಲ್ಲಿ ಚುನಾವಣೆಯೂ ನಡೆಯಿತು. ದೇಶ 1993ರಲ್ಲಿ ಮಾಡಿದ್ದನ್ನು ಕರ್ನಾಟಕ ಹತ್ತು ವರ್ಷ ಮೊದಲೇ ಕಾನೂನು ಮಾಡಿ ನೋಡಿತ್ತು. ಮೈಸೂರಿನಲ್ಲಿರುವ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರೇ ಇದೆ. ಉತ್ತರ ನಮ್ಮ ಮನೆಯ ಜಗುಲಿಯಲ್ಲೇ ಇತ್ತು. ನಾನು ಅದನ್ನು ಇಯರ್ ಬುಕ್ಕಿನಲ್ಲಿ ಹುಡುಕಿದೆ. ಪರೀಕ್ಷಾ ಕೊಠಡಿಯಿಂದ ಹೊರಗೆ ಬಂದು ಬಸ್ಸಿನಲ್ಲಿ ಕೂತ ಮೇಲೆ ನೀರ್ ಸಾಬ್ ನೆನಪಾದರು. ಆ ವರ್ಷ ನನಗೆ ಆಗಲಿಲ್ಲ, ಮುಂದೆಯೂ ಆಗಲಿಲ್ಲ. ಉಪನ್ಯಾಸಕನಾದೆ. ಅದರ ಬಗ್ಗೆ ಬೇಸರವಿಲ್ಲ, ಆದರೆ ಆ ಅರ್ಧ ಪುಟ ಇನ್ನೂ ಕಣ್ಣಿಗೆ ಕಟ್ಟಿದೆ.

ಆದ್ದರಿಂದ ಇವತ್ತು ಒಂದೇ ಕೆಲಸ ಮಾಡೋಣ. ಒಂದು ಸುದ್ದಿ ತೆಗೆದುಕೊಳ್ಳೋಣ, ಅದನ್ನು ಬುಡದವರೆಗೆ ಓದೋಣ. ಎಲ್ಲರಿಗೂ ನೆನಪಿರುವ ಸುದ್ದಿ: 2023ರ ಆಗಸ್ಟ್, ಸೆಪ್ಟೆಂಬರ್, ಕಾವೇರಿ. ಮಳೆ ಕೈಕೊಟ್ಟಿತ್ತು. ತಮಿಳುನಾಡಿಗೆ 15 ದಿನ, ದಿನವೂ 5,000 ಕ್ಯೂಸೆಕ್ ನೀರು ಬಿಡಿ ಎಂದು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಆದೇಶಿಸಿತು. ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್. ಟಿವಿಯಲ್ಲಿ ಮೂರು ವಾರ ಇದೇ.

ಮೊದಲ ಪ್ರಶ್ನೆ, ತುಂಬ ಸಣ್ಣದು. 5,000 ಕ್ಯೂಸೆಕ್ ಎಂದರೆ ಎಷ್ಟು ನೀರು? ನನ್ನ ಭಾನುವಾರದ ತರಗತಿಯಲ್ಲಿ ಯಾರೂ ಹೇಳಲಿಲ್ಲ. ಬಂದ್ ದಿನ ಘೋಷಣೆ ಕೂಗಿದವರೂ ಅಲ್ಲಿದ್ದರು. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಗುಣಿಸಿ, 43.2 ಕೋಟಿ ಘನ ಅಡಿ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಅಂದರೆ ದಿನಕ್ಕೆ ಅರ್ಧ ಟಿಎಂಸಿಗಿಂತ ಕಡಿಮೆ, 15 ದಿನಕ್ಕೆ 6.48 ಟಿಎಂಸಿ. ಕೆಆರ್‌ಎಸ್ ತುಂಬಿದಾಗ 49.45 ಟಿಎಂಸಿ. ಹತ್ತಿರ ಹತ್ತಿರ ಎಂಟರಲ್ಲಿ ಒಂದು ಪಾಲು. ಇದು ಹೆಚ್ಚೋ ಕಡಿಮೆಯೋ ಎಂದು ವಾದ ಮಾಡಬೇಕಾದವರು ಮೊದಲು ಈ ಲೆಕ್ಕ ಮಾಡಬೇಕು.

ಎರಡನೆಯದು: ಆದೇಶ ಕೊಡಲು ಆ ಪ್ರಾಧಿಕಾರ ಯಾರು? ಅದು 2018ರ ಜೂನ್‌ನಲ್ಲಿ ಬಂದದ್ದು. ಯಾಕೆ ಬಂತು? ಅದೇ ವರ್ಷ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ತೀರ್ಪು ಯಾವುದರ ಮೇಲೆ? 1990ರಲ್ಲಿ ರಚನೆಯಾಗಿ 2007ರಲ್ಲಿ ಅಂತಿಮ ಆದೇಶ ಕೊಟ್ಟ ನ್ಯಾಯಮಂಡಳಿಯ ಮೇಲೆ. ಅದರ ಹಿಂದೆ 1924ರ ಒಪ್ಪಂದ, ಅದರ ಹಿಂದೆ 1892ರದ್ದು, ಮೈಸೂರು ಸಂಸ್ಥಾನ ಒಂದು ಕಡೆ, ಮದ್ರಾಸ್ ಸರ್ಕಾರ ಇನ್ನೊಂದು ಕಡೆ. ನೋಡಿ, ಬಂದ್ ಸುದ್ದಿಯಿಂದ ಹೊರಟು ಆಧುನಿಕ ಇತಿಹಾಸದ ಪತ್ರಿಕೆಗೆ ಬಂದುಬಿಟ್ಟೆವು.

ಈಗ ಸಂವಿಧಾನ ತೆಗೆಯಿರಿ. ನೀರು ರಾಜ್ಯ ಪಟ್ಟಿಯ 17ನೇ ನಮೂದು, ಅಂತರರಾಜ್ಯ ನದಿಗಳ ನಿಯಂತ್ರಣ ಕೇಂದ್ರ ಪಟ್ಟಿಯ 56ನೆಯದು. ಜಗಳ ಅಲ್ಲೇ ಹುಟ್ಟುತ್ತದೆ. ವಿಧಿ 262ರ ಪ್ರಕಾರ ಇಂಥ ವಿವಾದಗಳಲ್ಲಿ ಸುಪ್ರೀಂ ಕೋರ್ಟಿನ ಅಧಿಕಾರವನ್ನು ಸಂಸತ್ತು ಕಾನೂನು ಮಾಡಿ ದೂರ ಇಡಬಹುದು. 1956ರ ಅಂತರರಾಜ್ಯ ನದಿ ನೀರು ವಿವಾದ ಕಾಯ್ದೆ ಹಾಗೇ ಮಾಡಿದೆ. ಇಲ್ಲಿ ಒಬ್ಬ ಹುಡುಗ ಕೈ ಎತ್ತಿದ. "ಸಾರ್, ಹಾಗಾದರೆ 2018ರಲ್ಲಿ ಸುಪ್ರೀಂ ಕೋರ್ಟ್ ಹೇಗೆ ತೀರ್ಪು ಕೊಟ್ಟಿತು?" ಆವತ್ತು ನನಗಾದ ಸಂತೋಷ ಹೇಳತೀರದು. ಆ ಪ್ರಶ್ನೆ ಯಾವ ಪಿಡಿಎಫ್‌ನಲ್ಲೂ ಇರಲಿಲ್ಲ, ಅವನ ತಲೆಯಲ್ಲಿ ಹುಟ್ಟಿತ್ತು. ಉತ್ತರ ವಿಧಿ 136ರಲ್ಲಿದೆ. ನ್ಯಾಯಮಂಡಳಿಯ ಆದೇಶದ ವಿರುದ್ಧ ವಿಶೇಷ ಅನುಮತಿ ಮೇಲ್ಮನವಿ ಕೇಳುವ ಅಧಿಕಾರ ತನಗಿದೆ ಎಂದು 2016ರ ಡಿಸೆಂಬರ್‌ನಲ್ಲಿ ಕೋರ್ಟ್ ತೀರ್ಮಾನಿಸಿತು. ಕಾನೂನು ಕಟ್ಟಿದ ಅಧಿಕಾರ ಬೇರೆ, ಸಂವಿಧಾನ ಕೊಟ್ಟ ಅಧಿಕಾರ ಬೇರೆ.

ತೀರ್ಪಿನ ಅಂಕಿಗಳನ್ನೂ ಬರೆದುಕೊಳ್ಳಿ, ಆದರೆ ಕಾರಣದ ಜತೆ. ಕರ್ನಾಟಕದ ಪಾಲು 270ರಿಂದ 284.75 ಟಿಎಂಸಿಗೆ ಏರಿತು, ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು. ಹೆಚ್ಚಾದ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಉಳಿದ 10 ಬಂದದ್ದು ತಮಿಳುನಾಡಿನ ಅಂತರ್ಜಲವನ್ನೂ ಲೆಕ್ಕಕ್ಕೆ ಹಿಡಿದದ್ದರಿಂದ. 177.25ಕ್ಕೆ ತಿಂಗಳವಾರು ಪಟ್ಟಿ ಇದೆ, ಆಗಸ್ಟ್ ಒಂದಕ್ಕೇ 45.95. ಆಗಸ್ಟ್‌ನಲ್ಲಿ ಮಳೆಯೇ ಬಾರದಿದ್ದರೆ? ಸಂಕಷ್ಟದ ವರ್ಷದಲ್ಲಿ ಕೊರತೆಯನ್ನು ಹೇಗೆ ಹಂಚಬೇಕು? 2023ರ ಇಡೀ ಗಲಾಟೆ ಈ ಒಂದು ಪ್ರಶ್ನೆಯದು. ಮಂಡ್ಯದ ಭತ್ತ, ಕಬ್ಬಿನ ರೈತ, ತಂಜಾವೂರಿನ ಭತ್ತದ ರೈತ, ಬೆಂಗಳೂರಿನ ನಲ್ಲಿ, ಮೂರನ್ನೂ ಒಟ್ಟಿಗೆ ನೋಡಬೇಕು. ಸಂದರ್ಶನದಲ್ಲಿ ಕರ್ನಾಟಕದ ಅಭ್ಯರ್ಥಿಗೆ ಈ ಪ್ರಶ್ನೆ ಬಂದರೆ ನಮ್ಮ ನೀರು ನಮ್ಮದು ಎಂದು ಉತ್ತರಿಸುವವರು ನಾಳೆ ಇನ್ನೊಂದು ರಾಜ್ಯದ ಜಿಲ್ಲಾಧಿಕಾರಿಯಾಗಿ ಹೇಗೆ ಕೆಲಸ ಮಾಡುತ್ತಾರೆ ಎಂದು ಮಂಡಳಿ ಯೋಚಿಸುತ್ತದೆ.

ಇಷ್ಟಕ್ಕೆ ನಮಗೆ ಎರಡು ಭಾನುವಾರ ಬೇಕಾಯಿತು. ಎರಡು ವಾರಕ್ಕೆ ಒಂದು ಸುದ್ದಿ ಸಾಕಾ ಎಂದು ಕೇಳಬಹುದು. ಮೇಕೆದಾಟು, ಮಹದಾಯಿ, ಕೃಷ್ಣಾ ಮೂರೂ ಮುಂದೆ ಸಲೀಸಾಗಿ ಓದಿಸಿಕೊಂಡವು, ಬೀಗದ ಕೈ ಅದೇ ಆದ್ದರಿಂದ.

ಇದು ದೂರದ ಉದಾಹರಣೆಯಲ್ಲ, ಆದರೂ ಸುಲಭದ್ದು. ನಮಗೆ ಕಷ್ಟವಾಗುವುದು ನಮ್ಮ ಬಗ್ಗೆಯೇ ಬರುವ ಸುದ್ದಿ. 2023ರ ಮಾರ್ಚ್‌ನಲ್ಲಿ ಆಗಿನ ರಾಜ್ಯ ಸರ್ಕಾರ ಮುಸ್ಲಿಮರ 2ಬಿ ಪ್ರವರ್ಗದ ಶೇ 4 ಮೀಸಲಾತಿಯನ್ನು ತೆಗೆದು, 2ಸಿ ಮತ್ತು 2ಡಿಗೆ ತಲಾ ಶೇ 2 ಹಂಚಲು ತೀರ್ಮಾನಿಸಿತು. ಮುಸ್ಲಿಮರು ಆರ್ಥಿಕವಾಗಿ ಹಿಂದುಳಿದವರ ಶೇ 10ರಲ್ಲಿ ಸ್ಪರ್ಧಿಸಲಿ ಎಂದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಸದ್ಯಕ್ಕೆ ಜಾರಿ ಮಾಡುವುದಿಲ್ಲ ಎಂದು ಸರ್ಕಾರ ಅಲ್ಲಿ ಹೇಳಿತು. ಆ ವಾರ ತರಗತಿಯಲ್ಲಿ ಒಂದು ಪುಟ ಬರೆಯಲು ಹೇಳಿದೆ. ಹದಿನಾಲ್ಕು ಮಂದಿ ಬರೆದರು. ಹದಿನಾಲ್ಕರಲ್ಲೂ ಸಿಟ್ಟಿತ್ತು. ಸಿಟ್ಟು ಬರಬಾರದು ಎಂದು ನಾನು ಹೇಳುವವನಲ್ಲ, ಸೀಟು ಹೋಗುವುದು ನಿಮ್ಮದು. ಆದರೆ ಹದಿನಾಲ್ಕರಲ್ಲಿ ಒಂದರಲ್ಲೂ ವಿಧಿ 15(4), 16(4) ಇರಲಿಲ್ಲ. ಸರ್ಕಾರದ ವಾದ ಏನು ಎನ್ನುವುದನ್ನು ನೆಟ್ಟಗೆ ಒಂದು ವಾಕ್ಯದಲ್ಲಿ ಯಾರೂ ಬರೆದಿರಲಿಲ್ಲ.

ಮತ್ತೆ ಬರೆಸಿದೆ. ಈ ಸಲ ಮೊದಲ ಪ್ಯಾರಾ ಎದುರು ಪಕ್ಷದ್ದು: ಬರೀ ಧರ್ಮದ ಆಧಾರದ ಮೇಲೆ ಮೀಸಲಾತಿ ಸಂವಿಧಾನದಲ್ಲಿ ಇಲ್ಲ. ಎರಡನೆಯದು ಅದಕ್ಕೆ ಉತ್ತರ: ಪ್ರಶ್ನೆ ಧರ್ಮದ್ದೋ, ಸಾಮಾಜಿಕ ಮತ್ತು ಶೈಕ್ಷಣಿಕ ಹಿಂದುಳಿದಿರುವಿಕೆಯದ್ದೋ, ಆ ಹಿಂದುಳಿದಿರುವಿಕೆಯನ್ನು ಯಾವ ಆಯೋಗ ಯಾವ ಆಧಾರದ ಮೇಲೆ ಗುರುತಿಸಿತು. ಚಿನ್ನಪ್ಪ ರೆಡ್ಡಿ ಆಯೋಗದ ವರದಿ ಇಲ್ಲಿ ಬರುತ್ತದೆ. ಮೂರನೆಯದು 1992ರ ಇಂದ್ರಾ ಸಾಹ್ನಿ ತೀರ್ಪು, ಶೇ 50ರ ಮಿತಿ. ನಾಲ್ಕನೆಯದು 2019ರ 103ನೇ ತಿದ್ದುಪಡಿ. ವಿಧಿ 15(6) ಓದಿ ನೋಡಿ, ಆರ್ಥಿಕ ಮೀಸಲಾತಿ 15(4)ರಲ್ಲಿ ಬರುವ ವರ್ಗಗಳನ್ನು ಬಿಟ್ಟು ಉಳಿದವರಿಗೆ. ಹಾಗಾದರೆ ಒಂದು ವರ್ಗವನ್ನು ಅಲ್ಲಿಂದ ಇಲ್ಲಿಗೆ ದಾಟಿಸುವುದರ ಅರ್ಥ ಏನು? ಆ ಎರಡನೇ ಪುಟದಲ್ಲೂ ಸಿಟ್ಟು ಇತ್ತು, ಆದರೆ ಈಗ ಅದನ್ನು ಯಾವ ಪರೀಕ್ಷಕರೂ ಓದಿ ಅಂಕ ಕೊಡಬಹುದಾಗಿತ್ತು. ಯಾವ ವಕೀಲರೂ ಎತ್ತಿಕೊಳ್ಳಬಹುದಾಗಿತ್ತು.

ಪರೀಕ್ಷೆ ಈಗ ಕೇಳುವುದೂ ಇದನ್ನೇ. ಯುಪಿಎಸ್‌ಸಿ ಪ್ರಿಲಿಮ್ಸ್‌ನ ಸಾಮಾನ್ಯ ಅಧ್ಯಯನದಲ್ಲಿ 100 ಪ್ರಶ್ನೆ, 200 ಅಂಕ, ತಪ್ಪಿಗೆ ಮೂರನೇ ಒಂದು ಭಾಗ ಕಡಿತ. ಮೊದಲೆಲ್ಲ ಒಂದು ಹೇಳಿಕೆ ತಪ್ಪೆಂದು ಗೊತ್ತಿದ್ದರೆ ಎರಡು ಆಯ್ಕೆ ಹೊಡೆದುಹಾಕಿ ಉತ್ತರಕ್ಕೆ ಬರಬಹುದಿತ್ತು. ಈಗೀಗ "ಮೇಲಿನವುಗಳಲ್ಲಿ ಎಷ್ಟು ಸರಿ" ಎಂದು ಕೇಳುತ್ತಾರೆ, 2023ರಲ್ಲಿ ಇಂಥವು ತುಂಬ ಬಂದವು. ಎಲ್ಲ ಹೇಳಿಕೆಯೂ ಗೊತ್ತಿರಬೇಕು. ಮುಖ್ಯ ಪರೀಕ್ಷೆಗೆ 1,750 ಅಂಕ, ಸಂದರ್ಶನಕ್ಕೆ 275. ಅಲ್ಲಿ ಇಯರ್ ಬುಕ್ ಅರ್ಧ ಪುಟಕ್ಕೇ ನಿಲ್ಲುತ್ತದೆ, ನನ್ನನ್ನು ನೋಡಿದಿರಲ್ಲ.

ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ಮಾತು. ಯುಪಿಎಸ್‌ಸಿ ಮುಖ್ಯ ಪರೀಕ್ಷೆ ಕನ್ನಡದಲ್ಲಿ ಬರೆಯಬಹುದು, ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕೆಎಎಸ್‌ನಲ್ಲಿ ಕನ್ನಡ ಇದೆ, ಆದರೆ 2024ರ ಆಗಸ್ಟ್‌ನ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರ್‌ನಲ್ಲಿ ಮರುಪರೀಕ್ಷೆ ಮಾಡಬೇಕಾಯಿತು. ಅನ್ಯಾಯ ಅನ್ಯಾಯವೇ. ಆದರೂ ಪ್ರತಿ ಪಾರಿಭಾಷಿಕ ಪದವನ್ನು ಎರಡೂ ಭಾಷೆಯಲ್ಲಿ ಪಕ್ಕಪಕ್ಕ ಬರೆದಿಟ್ಟುಕೊಳ್ಳಿ. ವಿತ್ತೀಯ ಕೊರತೆ ಗೊತ್ತಿರುವವರು ಫಿಸ್ಕಲ್ ಡೆಫಿಸಿಟ್ ಕಂಡು ಗಾಬರಿಯಾಗಬಾರದು.

ದುಡ್ಡಿನ ಮಾತು ಪೋಷಕರಿಗೆ. ಈ ಓದಿಗೆ ಹೆಚ್ಚು ಹಣ ಬೇಡ. ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆ ನಮ್ಮ ವಾಚನಾಲಯಕ್ಕೆ ಬರುತ್ತದೆ. ಯೋಜನಾ ಮಾಸಿಕ ಕನ್ನಡದಲ್ಲೇ ಇದೆ. ರಾಜ್ಯದ ಆರ್ಥಿಕ ಸಮೀಕ್ಷೆ, ಬಜೆಟ್ ಭಾಷಣ, ಪಿಐಬಿ ಪ್ರಕಟಣೆ, ಹಳೆಯ ಪ್ರಶ್ನೆಪತ್ರಿಕೆ ಎಲ್ಲ ಉಚಿತ. ದೊಡ್ಡ ತರಬೇತಿ ಬೇಕೆನ್ನುವವರು ದೆಹಲಿಯ ಜಾಮಿಯಾ ಮಿಲ್ಲಿಯಾದ ರೆಸಿಡೆನ್ಶಿಯಲ್ ಕೋಚಿಂಗ್ ಅಕಾಡೆಮಿಯ ಪ್ರವೇಶ ಪರೀಕ್ಷೆ ಬರೆಯಿರಿ. ಅಲ್ಪಸಂಖ್ಯಾತರು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಮಹಿಳೆಯರಿಗೆಂದು ಇರುವ ಆ ಅಕಾಡೆಮಿಯಲ್ಲಿ ತಯಾರಾದ ಶ್ರುತಿ ಶರ್ಮಾ 2021ರ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲ ರ‍್ಯಾಂಕ್ ಪಡೆದರು.

ಮೊದಲು ಹೇಳಿದ ಆ ಹುಡುಗಿ ಹನ್ನೊಂದು ಗುಂಪಿನಲ್ಲಿ ಒಂಬತ್ತರಿಂದ ಹೊರಬಂದಿದ್ದಾಳೆ. ಎರಡು ಯಾಕೆ ಉಳಿಸಿಕೊಂಡೆ ಎಂದರೆ, ಸಾರ್ ಒಂದು ನಮ್ಮ ತರಗತಿಯದು, ಇನ್ನೊಂದು ಅಡುಗೆಯದು ಎಂದಳು. ದಿನಾಂಕದ ಬದಲು ವಿಷಯದ ಹೆಸರಲ್ಲಿ ನೋಟ್‌ಬುಕ್ ಮಾಡಿದ್ದಾಳೆ. ನೀರು, ಪಂಚಾಯಿತಿ, ಮೀಸಲಾತಿ, ಬ್ಯಾಂಕು. ಹೊಸ ಸುದ್ದಿ ಬಂದರೆ ಹಳೆಯ ಪುಟದ ಎದುರಿಗೆ ಬರೆಯುತ್ತಾಳೆ, ಅದಕ್ಕೆಂದೇ ಎಡಗಡೆ ಖಾಲಿ ಬಿಟ್ಟಿದ್ದಾಳೆ. ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾಳೆ, ಅವಳ ಅಮ್ಮಿಯೂ ಬಂದಿದ್ದಾರೆ. ಹೆಸರು ಹೇಳುವುದಿಲ್ಲ, ಫಲಿತಾಂಶ ಬರಲಿ.

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಾಚನಾಲಯದಲ್ಲಿ ತರಗತಿ ಇದೆ. ಇವತ್ತು ವೇತನ ಪಡೆದ ಯಾರು ಬೇಕಾದರೂ ಬರಬಹುದು, ಪಡೆಯದವರೂ ಬರಬಹುದು. ಈ ವಾರದ ಪತ್ರಿಕೆಯಿಂದ ಒಂದೇ ಒಂದು ಸುದ್ದಿ ಕತ್ತರಿಸಿ ತನ್ನಿ. ದಯವಿಟ್ಟು ವಾಚನಾಲಯದ ಪ್ರತಿಯಿಂದ ಕತ್ತರಿಸಬೇಡಿ, ಕಳೆದ ತಿಂಗಳು ಸಂಪಾದಕೀಯ ಪುಟವೇ ಇರಲಿಲ್ಲ.