ಗ್ರಾಮಫೋನಿನ ಮುಳ್ಳು
(ಗುಮ್ಮಳಾಪುರದಲ್ಲಿ ನಡೆದ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ವರ್ಷ ನಮ್ಮ ಶಾಲೆಗೆ ದಾನವಾಗಿ ಬಂದ ವಸ್ತುಗಳಲ್ಲಿ ವಿದ್ಯುತ್ತಿನಿಂದ ತಿರುಗುವ ಒಂದು ಹಳೆಯ ಗ್ರಾಮಫೋನು ಯಂತ್ರವೂ, ಅದರೊಡನೆ 38 ತಟ್ಟೆಗಳೂ ಇವೆಯೆಂಬುದು ತಮಗೆಲ್ಲ ತಿಳಿದ ವಿಷಯ. ಅದು ಬಂದು ನಾಲ್ಕು ತಿಂಗಳಾದರೂ ಹಾಡಿಸದೆ, ಬೀರುವಿನಲ್ಲಿಟ್ಟು ಬೀಗ ಹಾಕಿದುದೇಕೆ ಎಂದು ಮಕ್ಕಳು ನನ್ನನ್ನು ಕೇಳಿದರು. ಹಿರಿಯರಲ್ಲಿಯೂ ಕೆಲವರು ಕೇಳಿದರು. ದಾನ ಬಂದುದನ್ನು ಮೇಷ್ಟರು ಅಡಗಿಸಿಟ್ಟಿದ್ದಾರೆ ಎಂಬ ಮಾತೂ ಕಿವಿಗೆ ಬೀಳದೆ ಇರಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವುದೇ ನನ್ನ ಇಂದಿನ ಭಾಷಣ. ಆ ಯಂತ್ರದಲ್ಲಿ ಕಡಲೆಕಾಳಿಗಿಂತಲೂ ಬಹಳ ಚಿಕ್ಕದಾದ ಒಂದು ಮುಳ್ಳು ಇದೆ. ಜನರು ಅದನ್ನು ಪಿನ್ನು ಎನ್ನುತ್ತಾರೆ. ಆ ಮುಳ್ಳನ್ನೂ, ಅದನ್ನು ಹಿಡಿದಿರುವ ಕಾರ್ಟ್ರಿಜ್ ಎಂಬ ಪುಟ್ಟ ಗೂಡನ್ನೂ ಬಲ್ಲವರ ಕೈಯಲ್ಲಿ ಶುಚಿಮಾಡಿಸಿ ಪರೀಕ್ಷೆ ಮಾಡಿಸುವವರೆಗೆ ಒಂದು ತಟ್ಟೆಯನ್ನೂ ಮುಟ್ಟಕೂಡದೆಂದು ನಾನು ನಿಶ್ಚಯಿಸಿದ್ದೆ.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ, ತಟ್ಟೆಯಲ್ಲಿ ಹಾಡು ಹೇಗೆ ಕುಳಿತಿದೆಯೆಂಬುದನ್ನು ಮೊದಲು ತಿಳಿಯಬೇಕು. ಉತ್ತ ಹೊಲವನ್ನು ನೀವೆಲ್ಲ ನೋಡಿದ್ದೀರಿ. ಹೊಲದಲ್ಲಿ ನೇಗಿಲ ಸಾಲುಗಳು ಹಲವು; ತಟ್ಟೆಯಲ್ಲಿಯಾದರೋ ಒಂದೇ ಒಂದು ಸಾಲು, ಅಂಚಿನಿಂದ ಹೊರಟು ಸುತ್ತಿ ಸುತ್ತಿ ನಡುವನ್ನು ಸೇರುತ್ತದೆ. ಹಾಡಿದವರ ದನಿಯ ಏರಿಳಿತವೆಲ್ಲ ಆ ಸಾಲಿನ ಗೋಡೆಗಳಲ್ಲಿ ಅಂಕುಡೊಂಕಾಗಿ ಕೊರೆದು ನಿಂತಿರುತ್ತದೆ. ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುವ ದೊಡ್ಡ ತಟ್ಟೆಯ ಒಂದು ಮಗ್ಗುಲು ಸುಮಾರು 22 ನಿಮಿಷ ಹಾಡುತ್ತದೆ ಎಂದು ಇಟ್ಟುಕೊಳ್ಳೋಣ. ಏಳನೆಯ ತರಗತಿಯವರು ಲೆಕ್ಕ ಮಾಡಿ: ಸುತ್ತುಗಳ ಸಂಖ್ಯೆ 733. ಒಂದು ಸುತ್ತಿನ ಸರಾಸರಿ ಉದ್ದ ಸುಮಾರು 65 ಸೆಂಟಿಮೀಟರು. ಗುಣಿಸಿದರೆ 476 ಮೀಟರು. ಅರ್ಧ ಕಿಲೋಮೀಟರಿಗೆ ಹತ್ತಿರವಾದ ದಾರಿಯನ್ನು ಮುಳ್ಳು ಒಂದೇ ಮಗ್ಗುಲಿನಲ್ಲಿ ನಡೆಯುತ್ತದೆಯೆಂದಾಯಿತು. ನೇಗಿಲ ಕುಳವು ಅಷ್ಟು ದೂರ ಸಾಗಿದರೆ ಎಷ್ಟು ಸವೆದೀತೆಂಬುದನ್ನು ನಿಮ್ಮ ತಂದೆಯವರನ್ನು ಕೇಳಿ.

ಮುಳ್ಳಿನ ಮೊನೆ ಎಷ್ಟು ಸೂಕ್ಷ್ಮವೆಂದರೆ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲನ್ನು ಮೈಕ್ರಾನು ಎನ್ನುತ್ತಾರೆ. ದೊಡ್ಡ ತಟ್ಟೆಯ ಮುಳ್ಳಿನ ಗುಂಡುಮೊನೆಯ ತ್ರಿಜ್ಯ ಸುಮಾರು 18ರಿಂದ 25 ಮೈಕ್ರಾನು ಮಾತ್ರ. ಹಿಂದಿನ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳ ಸಾಲು ಅಗಲವಾದುದು. ಅದಕ್ಕೆ ಸುಮಾರು 75 ಮೈಕ್ರಾನಿನ ಮುಳ್ಳು ಬೇಕು. ನಮ್ಮ ಯಂತ್ರದ ಕಾರ್ಟ್ರಿಜ್‌ನಲ್ಲಿ ಎರಡು ಮುಳ್ಳುಗಳಿವೆ. ಒಂದು ಚಿಕ್ಕ ಹಿಡಿಯನ್ನು ತಿರುವಿದರೆ ಒಂದು ಕೆಳಗಾಗಿ ಮತ್ತೊಂದು ಮೇಲಾಗುತ್ತದೆ. ಯಾವ ತಟ್ಟೆಗೆ ಯಾವ ಮುಳ್ಳೆಂಬ ವಿವೇಕವಿಲ್ಲದೆ ಹಾಡಿಸಿದರೆ ತಟ್ಟೆಗೆ ಕೇಡು ತಪ್ಪದು. ಗೂಡಿನೊಳಗಿರುವುದು ಒಂದು ಬಗೆಯ ಪಿಂಗಾಣಿಯ ತುಣುಕು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಯೆಂಬುದನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು; ಈ ಪಿಂಗಾಣಿಗೂ ಆ ಗುಣವನ್ನು ಬರಿಸಿರುತ್ತಾರೆ. ಮುಳ್ಳಿನ ಅಲುಗಾಟ ಅದನ್ನು ಒತ್ತುತ್ತದೆ, ಆ ವಿದ್ಯುತ್ತೇ ಹಿಗ್ಗಿ ಹಾಡಾಗಿ ಕೇಳಿಸುತ್ತದೆ. ಈಗ ಪೇಟೆಯಲ್ಲಿ ಮತ್ತೆ ಮಾರಾಟಕ್ಕೆ ಬಂದಿರುವ ಹೊಸ ಯಂತ್ರಗಳಲ್ಲಿ ಅನೇಕವಕ್ಕೆ ಪಿಂಗಾಣಿಯ ಬದಲು ಅಯಸ್ಕಾಂತವೂ ತಂತಿಯ ಸುರುಳಿಯೂ ಇರುತ್ತವೆ.

ಇನ್ನು ತಟ್ಟೆಗಳ ವಿಷಯ. ಹಳೆಯ ತಟ್ಟೆಗಳನ್ನು ಅರಗಿನಿಂದ ಮಾಡುತ್ತಿದ್ದರು. ಮುತ್ತುಗದಂಥ ಮರಗಳ ಮೇಲೆ ಬದುಕುವ ಹುಳುಗಳು ಸುರಿಸುವ ಅರಗು ಅದು. ಪಾಂಡವರಿಗೆಂದು ಕಟ್ಟಿಸಿದ ಮನೆಯೂ ಅರಗಿನದು, ಚನ್ನಪಟ್ಟಣದ ಗೊಂಬೆಗಳಿಗೆ ಮೆರುಗು ಕೊಡುವುದೂ ಅರಗೇ. ನಮ್ಮ ದೇಶದಲ್ಲಿ ಗ್ರಾಮಫೋನಿಗಾಗಿ ಹಾಡಿದ ಮೊದಲಿಗರಲ್ಲಿ ಗೌಹರ್ ಜಾನ್ ಎಂಬ ಗಾಯಕಿ ಹೆಸರಾದವರು. 1902ರಲ್ಲಿ ಕಲ್ಕತ್ತೆಯಲ್ಲಿ ಅವರ ಹಾಡುಗಳನ್ನು ಮುದ್ರಿಸಿದರು. ಹಾಡು ಮುಗಿದೊಡನೆ ಆಕೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಆಕೆ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ಬಳಿಕ ಪಟ್ಟವೇರಿದ ಜಯಚಾಮರಾಜ ಒಡೆಯರಂತೂ ತಟ್ಟೆಗಳ ಮಹಾ ಸಂಗ್ರಾಹಕರು. ರಷ್ಯಾ ದೇಶದ ಮೆಟ್ನರ್ ಎಂಬ ಸಂಗೀತಗಾರರು ವೃದ್ಧಾಪ್ಯದಲ್ಲಿ ಲಂಡನ್ನಿನಲ್ಲಿದ್ದಾಗ, ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ತಟ್ಟೆಗಳಲ್ಲಿ ಮುದ್ರಿಸಲು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ಈ ಮಹಾರಾಜರು. ಮೆಟ್ನರ್ 1951ರಲ್ಲಿ ಕಾಲವಾದರು. ಆ ಹಣ ಒದಗದೆ ಹೋಗಿದ್ದರೆ ಆತನ ಕೈ ನುಡಿಸಿದುದರಲ್ಲಿ ಬಹುಭಾಗ ಲೋಕಕ್ಕೆ ಉಳಿಯುತ್ತಿರಲಿಲ್ಲ.

ನಮಗೆ ಇನ್ನೂ ಹತ್ತಿರವಾದ ಉದಾಹರಣೆಯೊಂದನ್ನು ಹೇಳುತ್ತೇನೆ. ಗಂಗೂಬಾಯಿ ಹಾನಗಲ್ಲರ ಹೆಸರನ್ನು ತಾವು ಕೇಳಿದ್ದೀರಿ. ಗಂಡಸಿನ ಕಂಠವೆಂದು ಭ್ರಮೆಗೊಳಿಸುವಂಥ ಗಂಭೀರವಾದ ದನಿ ಅವರದು. ಆದರೆ ಹುಟ್ಟಿನಿಂದ ಬಂದ ದನಿ ಅದಲ್ಲ. ಯೌವನದಲ್ಲಿ ಅವರ ಕಂಠ ತೆಳುವಾಗಿ, ಎತ್ತರವಾಗಿ ಇದ್ದಿತು. ಗಂಟಲಿಗೆ ಚಿಕಿತ್ಸೆಯಾದ ಮೇಲೆ ದನಿ ಇಳಿದು ಭಾರವಾಯಿತು. 1930ರ ದಶಕದಲ್ಲಿ ಅವರು ಹಾಡಿದ ಮೊದಮೊದಲ ತಟ್ಟೆಗಳ ಮೇಲೆ ಹೆಸರು ಗಂಗೂಬಾಯಿ ಎಂದಿಲ್ಲ, ಗಾಂಧಾರಿ ಎಂದಿದೆ. ಅವರು 2009ರಲ್ಲಿ ನಮ್ಮನ್ನಗಲಿದರು. ಆ ಮೊದಲ ದನಿ ಅವರ ಕಂಠವನ್ನು ಬಿಟ್ಟು ಹೋಗಿ ಎಷ್ಟೋ ದಶಕಗಳಾಗಿದ್ದವು. ಅದು ಉಳಿದಿರುವುದು ಅರಗಿನ ಸಾಲುಗಳಲ್ಲಿ. ಸವೆದ ಮುಳ್ಳೊಂದು ಆ ಸಾಲಿನ ಮೇಲೆ ಹತ್ತು ಸಲ ಹಾದುಹೋದರೆ ಅಷ್ಟರ ಮಟ್ಟಿಗೆ ಆ ದನಿ ಇಲ್ಲವಾಗುತ್ತದೆ. ಯಾವ ವೈದ್ಯನೂ ಅದನ್ನು ಮತ್ತೆ ತಂದುಕೊಡಲಾರನು.

ಎಲ್ಲ ಹಾಡುಗಳೂ ಈಗ ಫೋನಿನಲ್ಲಿವೆಯಲ್ಲ, ಈ ಮುದಿ ತಟ್ಟೆಗಳ ಚಿಂತೆ ಏಕೆ ಎಂದು ಪೋಷಕರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನಮ್ಮ 38 ತಟ್ಟೆಗಳನ್ನು ಒಂದೊಂದಾಗಿ ಫೋನಿನಲ್ಲಿ ಹುಡುಕಿ ನೋಡಿದೆವು. ಪಿ. ಕಾಳಿಂಗರಾಯರ ಭಾವಗೀತೆಗಳೂ ಚಲನಚಿತ್ರಗೀತೆಗಳೂ ದೊರೆತವು. ಕನ್ನಡ ನಾಟಕದ ಹಾಡುಗಳಿರುವ 9 ತಟ್ಟೆಗಳು ಮಾತ್ರ ಎಲ್ಲಿಯೂ ದೊರೆಯಲಿಲ್ಲ. ಮನೆಯಲ್ಲಿ ಕನ್ನಡ, ಹೊಲದಲ್ಲಿ ತೆಲುಗು, ಹೊಸೂರಿಗೆ ಹೋದರೆ ತಮಿಳು ಎಂದು ಮೂರು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳು ಎಂಬತ್ತು ವರ್ಷಗಳ ಹಿಂದಿನ ರಂಗಭೂಮಿಯ ಕನ್ನಡವನ್ನು ಕಿವಿಯಾರೆ ಕೇಳುವ ಅವಕಾಶ ಆ ಒಂಬತ್ತು ತಟ್ಟೆಗಳಲ್ಲಿದೆ. ಅವನ್ನು ಕೆಡಿಸಿಕೊಳ್ಳುವ ಹಕ್ಕು ನನಗಿಲ್ಲವೆಂದು ನನಗೆ ತೋರಿತು.

ರಿಪೇರಿಗೆ ಅಲೆದ ಕತೆಯನ್ನು ವಿಸ್ತರಿಸುವುದಿಲ್ಲ. ಒಂದು ಅಂಗಡಿಯವರು ಕಾರ್ಟ್ರಿಜ್ ಅನ್ನು ಎಸೆದು ಹೊಸ ಯಂತ್ರವನ್ನೇ ಕೊಳ್ಳಿರೆಂದರು. ಮತ್ತೊಬ್ಬರು ಅಂಗಿಯ ತುದಿಯಿಂದ ಮುಳ್ಳನ್ನು ಒರೆಸಲು ಕೈ ಹಾಕಿದರು. ಅಷ್ಟರಲ್ಲಿ ಹಿಂದಕ್ಕೆ ಎಳೆದುಕೊಂಡೆವು. ಮೂರನೆಯವರು ಮುಳ್ಳು ಹಾರದಂತೆ ಅದರ ತಲೆಯ ಮೇಲೆ ಒಂದು ರೂಪಾಯಿ ನಾಣ್ಯವನ್ನಿಡಿ ಎಂದರು. ಈ ನಾಣ್ಯದ ಉಪಾಯ ನಮ್ಮ ಕಡೆ ಬಹು ಹಳೆಯದು, ಬಹು ಕೆಟ್ಟದ್ದು ಕೂಡ. ಕಡೆಗೆ ಬೆಂಗಳೂರಿನಲ್ಲಿ ಈ ಕೆಲಸವನ್ನೇ ಬಾಳಿನ ಕಸುಬಾಗಿ ಮಾಡಿಕೊಂಡ ಹಿರಿಯರೊಬ್ಬರು ದೊರೆತರು. ಅವರ ಮೇಜಿನ ಮೇಲೆ ಸೂಕ್ಷ್ಮದರ್ಶಕವಿರುವುದನ್ನು ಕಂಡೊಡನೆಯೇ ನನಗೆ ಧೈರ್ಯ ಬಂದಿತು.

ಅವರು ಮೊದಲು ಶುಚಿಮಾಡಲಿಲ್ಲ, ನೋಡಿದರು. ಕೊಳೆಯೂ ಸಾಕ್ಷಿ ಹೇಳುತ್ತದೆ ಎಂಬುದು ಅವರ ಮಾತು. ಮಸೂರದ ಕೆಳಗೆ ಮುಳ್ಳಿನ ಸುತ್ತ ಧೂಳೂ ಜಿಡ್ಡೂ ಸೇರಿ ಕಂಬಳಿಯಂತೆ ಗಟ್ಟಿಯಾಗಿದ್ದುದನ್ನು ನನಗೂ ತೋರಿಸಿದರು. ಬಳಿಕ ಮೃದುವಾದ ಕುಂಚವನ್ನು ಹಿಂದಿನಿಂದ ಮುಂದಕ್ಕೆ, ಎಂದರೆ ತಟ್ಟೆ ಚಲಿಸುವ ದಿಕ್ಕಿನಲ್ಲಿಯೇ ಎಳೆದರು. ಅಡ್ಡಲಾಗಿ ಎಳೆದರೆ ಮುಳ್ಳು ಹೊತ್ತಿರುವ ಎಳೆಯಂಥ ಸಲಾಕೆ ಬಾಗುತ್ತದೆ, ಎದುರುಮುಖವಾಗಿ ಎಳೆದರೆ ಮುರಿಯಲೂಬಹುದು. ಒಣ ಕುಂಚಕ್ಕೆ ಬಿಡದ ಕೊಳೆಗೆ ಮಾತ್ರ ದ್ರಾವಣದಲ್ಲಿ ಅದ್ದಿ, ಹೆಚ್ಚಿನದನ್ನು ಕೊಡವಿ, ಮೊನೆಯನ್ನಷ್ಟೇ ತೇವಮಾಡಿದರು. ದ್ರವ ಸಲಾಕೆಯ ಮೇಲೆ ಹತ್ತಿ ಗೂಡಿನೊಳಗಿನ ರಬ್ಬರನ್ನು ಸೇರಿದರೆ ರಬ್ಬರೂ ಕೆಡುತ್ತದೆ, ಅಂಟೂ ಬಿಡುತ್ತದೆ. ಕೊಳೆ ಹೋದ ಮೇಲೆ ಮತ್ತೆ ಮಸೂರದ ಕೆಳಗಿಟ್ಟು ಬದಿಯಿಂದ ಬೆಳಕು ಬಿಟ್ಟರು. ದೊಡ್ಡ ತಟ್ಟೆಯ ಮುಳ್ಳಿನ ಎರಡು ಕೆನ್ನೆಗಳಲ್ಲೂ ಎರಡು ಬಿಳಿಯ ಚುಕ್ಕೆಗಳು ಮಿಂಚಿದವು. ಗುಂಡಾಗಿರುವ ಮೊನೆ ಬೆಳಕನ್ನು ಹಾಗೆ ಹಿಡಿದು ಎಸೆಯುವುದಿಲ್ಲ. ಸವೆದು ಚಪ್ಪಟೆಯಾದ ಮುಖಗಳು ಮಾತ್ರ ಪುಟ್ಟ ಕನ್ನಡಿಗಳಂತೆ ಹೊಳೆಯುತ್ತವೆ. ಚಪ್ಪಟೆಯ ಅಂಚು ಹರಿತವಾಗುತ್ತದೆ. ಆ ಮುಳ್ಳು ಸಾಲನ್ನು ಓದುವುದಿಲ್ಲ, ಕೆತ್ತುತ್ತದೆ. ನೀಲಮಣಿಯ ಮುಳ್ಳು ಅದು. ಅದರ ಆಯುಸ್ಸು ಕೆಲವು ಹತ್ತು ಗಂಟೆಗಳು ಮಾತ್ರ. ವಜ್ರದ ಮುಳ್ಳಾದರೆ 500 ಗಂಟೆಗಳವರೆಗೆ ನಿರಾತಂಕವಾಗಿ ನಡೆಯುತ್ತದೆ.

78ರ ಮುಳ್ಳು ಸರಿಯಾಗಿದ್ದಿತು. ಗೂಡಿನ ಹಿಂಬದಿಯ ತಂತಿಗಳ ಕೊಂಡಿಗೆ ಹಸಿರು ಕಿಲುಬು ಹಿಡಿದಿತ್ತು, ಅದನ್ನು ತೆಗೆದರು. ಆಮೇಲೆ ಅಂಗೈಯಲ್ಲಿ ಹಿಡಿಯುವ ಪುಟ್ಟ ತಕ್ಕಡಿಯ ಮೇಲೆ ಮುಳ್ಳನ್ನು ಇಳಿಸಿ ಭಾರ ನೋಡಿದರು. 9 ಗ್ರಾಂ ತೋರಿಸಿತು. ಈ ಬಗೆಯ ಪಿಂಗಾಣಿಯ ಕಾರ್ಟ್ರಿಜ್‌ಗೆ 4ರಿಂದ 6 ಗ್ರಾಂ ಸಾಕು. ತೋಳಿನ ಸ್ಪ್ರಿಂಗು ಸಡಿಲವಾಗಿತ್ತೆಂದು ತಿಳಿಯಿತು. ಅದನ್ನು ಬಿಗಿಗೊಳಿಸಿ 5ಕ್ಕೆ ತಂದರು. ಇಷ್ಟು ಭಾರದ ಮೇಲೆ ಒಂದು ರೂಪಾಯಿಯ ನಾಣ್ಯವನ್ನೂ ಹೇರಿದ್ದರೆ ಅದು ಸುಮಾರು ಇನ್ನೂ 4 ಗ್ರಾಂ. ಐದು ಗ್ರಾಂ ಎಂದರೆ ಏನು ಮಹಾ ಭಾರವೆಂದು ಕೇಳಬಹುದು. ಎಂಟನೆಯ ತರಗತಿಯವರು ಹೇಳಲಿ: ಒತ್ತಡವೆಂದರೆ ಭಾರವನ್ನು ತಾಗುವ ಜಾಗದಿಂದ ಭಾಗಿಸಿದುದು. ಭಾರ ಅಲ್ಪವಾದರೂ ಜಾಗ ಅದಕ್ಕಿಂತ ಅಲ್ಪವಾದರೆ ಒತ್ತಡ ಭಯಂಕರವಾಗುತ್ತದೆ. ಕಾಲಿಗೆ ಜಾಲಿಯ ಮುಳ್ಳು ಚುಚ್ಚುವುದೂ ಆ ನ್ಯಾಯದಿಂದಲೇ.

ಇಂಥ ಹಳೆಯ ಯಂತ್ರಕ್ಕೆ ಹೊಂದುವ ಮುಳ್ಳುಗಳು ಈಗಲೂ ದೊರೆಯುತ್ತವೆ. ಗೂಡನ್ನು ಉಳಿಸಿಕೊಂಡು, ದೊಡ್ಡ ತಟ್ಟೆಯ ಕಡೆಗೆ ವಜ್ರದ ಮುಳ್ಳನ್ನು ಹಾಕಿಸಿದ್ದೇವೆ. ಆದ ಖರ್ಚನ್ನು ಸಂಘದ ಲೆಕ್ಕಪತ್ರದಲ್ಲಿ ಕಾಣಿಸಿದೆ, ತಾವು ನೋಡಬಹುದು.

ತಮ್ಮ ಮನೆಗಳ ಅಟ್ಟದಲ್ಲಿಯೂ ಇಂಥ ಪೆಟ್ಟಿಗೆಗಳಿರಬಹುದು. ಕೀಲಿ ಕೊಟ್ಟು ತಿರುಗಿಸುವ ಹಳೆಯ ಪೆಟ್ಟಿಗೆಯಾದರೆ ಅದರ ಉಕ್ಕಿನ ಮುಳ್ಳನ್ನು ಒಂದು ಮಗ್ಗುಲು ಹಾಡಿಸಿದೊಡನೆ ಬದಲಾಯಿಸಬೇಕು. ಅರಗಿನ ತಟ್ಟೆಯಲ್ಲಿ ಕಲ್ಲಿನ ಪುಡಿ ಬೆರೆತಿರುತ್ತದೆ; ಅದು ಮುಳ್ಳನ್ನು ಬೇಗನೆ ಸವೆಸುತ್ತದೆ. ಹಿಂದೆ ಮುಳ್ಳುಗಳು ಡಬ್ಬಿಡಬ್ಬಿಯಾಗಿ ಬರುತ್ತಿದ್ದುದು ಅದಕ್ಕಾಗಿಯೇ. ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಎಂದಿಗೂ ಒರೆಸಬೇಡಿ. ಅರಗು ಅದರಲ್ಲಿ ಕರಗುತ್ತದೆ. ಮಕ್ಕಳ ಬೆರಳಿನಿಂದ ಮುಳ್ಳನ್ನು ಮುಟ್ಟಿಸಿ ದನಿ ಬರುತ್ತದೆಯೇ ಎಂದು ನೋಡುವ ವಿನೋದವೂ ಬೇಡ. ತಟ್ಟೆಗಳನ್ನು ಗುಜರಿಯವನಿಗೆ ಹಾಕುವ ಮುನ್ನ ಒಮ್ಮೆ ನಮಗೆ ತೋರಿಸಿ.

ಬರುವ ಶನಿವಾರದಿಂದ ಪ್ರತಿ ವಾರವೂ ಸಂಜೆ ಒಂದು ಗಂಟೆಯ ಕಾಲ ಯಂತ್ರವನ್ನು ಹಾಡಿಸುತ್ತೇವೆ. ನಾಟಕದ ಆ 9 ತಟ್ಟೆಗಳನ್ನು ಮೊದಲ ಸಲ ಹಾಡಿಸುವಾಗಲೇ ಕಂಪ್ಯೂಟರಿಗೂ ಇಳಿಸಿಕೊಳ್ಳುತ್ತೇವೆ. ಆಮೇಲೆ ಮಕ್ಕಳು ಕೇಳುವುದು ಆ ಪ್ರತಿಯನ್ನೇ. ಎಂಟನೆಯ ತರಗತಿಯ ಇಬ್ಬರು ವಿದ್ಯಾರ್ಥಿಗಳು ಒಂದು ಪುಸ್ತಕದಲ್ಲಿ ಮುಳ್ಳು ನಡೆದ ಗಂಟೆಗಳನ್ನು ಬರೆದಿಡುತ್ತಾರೆ. ವರ್ಷಕ್ಕೆ 40 ವಾರ, ವಾರಕ್ಕೊಂದು ಗಂಟೆ. ವಜ್ರದ ಮುಳ್ಳು ಹನ್ನೆರಡು ವರ್ಷಗಳವರೆಗೆ ಬರಬೇಕು. ಆದರೂ ಎರಡು ವರ್ಷಕ್ಕೊಮ್ಮೆ ಅದನ್ನು ಬೆಂಗಳೂರಿನ ಆ ಹಿರಿಯರ ಮಸೂರದ ಕೆಳಗೆ ಇಡಿಸಬೇಕೆಂದು ಪುಸ್ತಕದ ಮೊದಲ ಪುಟದಲ್ಲಿ ಬರೆದಿದೆ. ನಿಮ್ಮ ಮನೆಯಲ್ಲಿ ತಟ್ಟೆಗಳಿದ್ದರೆ ಶನಿವಾರ ತನ್ನಿ. ಅಂಚನ್ನಷ್ಟೇ ಹಿಡಿಯಿರಿ, ಮಧ್ಯಾಹ್ನದ ಬಿಸಿಲಿನಲ್ಲಿ ಸೈಕಲ್ಲಿಗೆ ಕಟ್ಟಿಕೊಂಡು ಬರಬೇಡಿ, ತಟ್ಟೆ ಸೊಟ್ಟಗಾಗುತ್ತದೆ.