ಗುಟ್ಟಿನ ಮೂರು ತಿಂಗಳು: ಬಸಿರಿನ ಆರಂಭದ ಊಟ ಮತ್ತು ನಮ್ಮ ತೋಟ

(ಮಳೆಗಾಲಕ್ಕೆ ಮುನ್ನ ನಡೆದ ನಮ್ಮ ಬಳಗದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪ್ರತಿ ವರ್ಷ ಈ ಸಭೆಯಲ್ಲಿ ನಾನು ಮಣ್ಣು, ಗೊಬ್ಬರ, ಕೊಳೆರೋಗ ಇವುಗಳ ಬಗೆಗೆ ಮಾತನಾಡುವುದು ರೂಢಿಯಾಗಿದೆ. ಈ ಸಲ ಬಸಿರಿನ ಮೊದಲ ತಿಂಗಳುಗಳ ಊಟವನ್ನು ವಿಷಯವಾಗಿ ಆರಿಸಿಕೊಂಡೆನೆಂದಾಗ ಸಂಚಾಲಕರು, ‘ಅದು ಡಾಕ್ಟರರು ಹೇಳಬೇಕಾದದ್ದಲ್ಲವೇ?’ ಎಂದು ಕೇಳಿದರು. ಚಿಕಿತ್ಸೆಯ ಮಾತನ್ನು ಅವರೇ ಹೇಳಬೇಕು, ಸರಿ. ಆದರೆ ಊಟ ಹುಟ್ಟುವುದು ಆಸ್ಪತ್ರೆಯಲ್ಲಲ್ಲ. ಗದ್ದೆಯಲ್ಲಿ, ತೋಟದಲ್ಲಿ, ಹಿತ್ತಿಲಿನಲ್ಲಿ. ಅಲ್ಲಿ ಏನನ್ನು ಬೆಳೆದೆವು, ಅದರ ಮೇಲೆ ಏನನ್ನು ಹೊಡೆದೆವು, ಹೊಡೆದ ಮೇಲೆ ಎಷ್ಟು ದಿನಕ್ಕೆ ಕೊಯ್ದೆವು ಎಂಬುದು ನನ್ನ ಶಾಸ್ತ್ರಕ್ಕೆ ಸೇರಿದ ವಿಚಾರ.

ಮೂರು ವರ್ಷಗಳ ಹಿಂದೆ ಶುಂಠಿಯ ಪ್ಲಾಟೊಂದಕ್ಕೆ ಹೋಗಿದ್ದೆ. ಬಿತ್ತನೆ ನಡೆದಿತ್ತು. ಸಾಲಿನಲ್ಲಿ ಕುಳಿತಿದ್ದ ಎಳೆಯ ಹೆಣ್ಣುಮಗಳೊಬ್ಬಳು ಎದ್ದುಹೋಗಿ ಬೇಲಿಯ ಬದಿಯಲ್ಲಿ ವಾಂತಿ ಮಾಡಿಕೊಂಡಳು. ಔಷಧಿಯ ನಂಜೇರಿತೆಂದು ಎಲ್ಲರೂ ಗಾಬರಿಯಾಗಿ ಆಸ್ಪತ್ರೆಗೆ ಕರೆದೊಯ್ದರು. ಅವಳು ಎರಡು ತಿಂಗಳ ಬಸುರಿಯೆಂದು ಅಲ್ಲಿ ತಿಳಿಯಿತು. ಅವಳಿಗೆ ಅದು ಮೊದಲೇ ಗೊತ್ತಿತ್ತು. ಮೂರು ತಿಂಗಳು ತುಂಬುವ ತನಕ ಹೊರಗೆ ಹೇಳಬಾರದೆಂಬ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದಳು. ಒಂದು ವಾರದಿಂದ, ರಾಸಾಯನಿಕದಲ್ಲಿ ಅದ್ದಿದ ಶುಂಠಿಬೀಜವನ್ನು ಬರಿಗೈಯಲ್ಲಿ ಎತ್ತಿ ಮಡಿಗೆ ಊರುತ್ತಿದ್ದಳು. ಬೆಳಗ್ಗೆ ಕುಡಿದಿದ್ದುದು ಬರಿಯ ಚಹಾ. ಮಗು ಆರೋಗ್ಯವಾಗಿಯೇ ಹುಟ್ಟಿತು. ಅದರಲ್ಲಿ ನಮ್ಮ ಯಾರ ಜಾಣತನವೂ ಇರಲಿಲ್ಲ.

ಗುಟ್ಟಿನ ಈ ರೂಢಿಯನ್ನು ನಾನು ಹಳಿಯಲು ಬಂದಿಲ್ಲ. ಮೊದಲ ತಿಂಗಳುಗಳಲ್ಲಿ ಗರ್ಭ ನಿಲ್ಲದೆ ಹೋಗುವುದು ಹೆಚ್ಚು. ಹಾಗಾದಾಗ ಊರೆಲ್ಲ ಬಂದು ವಿಚಾರಿಸುವ ಸಂಕಟ ಬೇಡವೆಂದು ಹಿರಿಯರು ಈ ಕಟ್ಟು ಮಾಡಿರಬಹುದು. ಆದರೆ ಶರೀರಶಾಸ್ತ್ರದ ಲೆಕ್ಕ ಬೇರೆಯಿದೆ. ಮಗುವಿನ ಮೆದುಳು ಮತ್ತು ಬೆನ್ನುಹುರಿ ರೂಪುಗೊಳ್ಳುವ ನರನಾಳವು ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿತೆಂದು ಹೆಣ್ಣಿಗೆ ಅನುಮಾನ ಬರುವ ವೇಳೆಗೆ ಆ ದಿನಗಳಲ್ಲಿ ಅರ್ಧ ಕಳೆದಿರುತ್ತದೆ. ಹೃದಯ, ಕೈಕಾಲುಗಳ ಮೂಲರಚನೆಯೂ ಮೊದಲ ಎರಡು ತಿಂಗಳುಗಳಲ್ಲೇ ಆಗುತ್ತದೆ. ನಾವು ಸುದ್ದಿ ಮುಚ್ಚಿಡುವ ದಿನಗಳೂ ಅತ್ಯಂತ ಎಚ್ಚರ ಬೇಕಾದ ದಿನಗಳೂ ಒಂದೇ ಆಗಿವೆ. ಊರಿಗೆ ಹೇಳುವುದು ಬೇಡ. ಗಂಡನಿಗೆ, ಅತ್ತೆಗೆ, ಆಶಾ ಕಾರ್ಯಕರ್ತೆಗೆ ಮೊದಲ ವಾರವೇ ಹೇಳಬೇಕು.

ನರನಾಳ ಸರಿಯಾಗಿ ಮುಚ್ಚಿಕೊಳ್ಳಲು ಬೇಕಾದ ಮುಖ್ಯ ಪೋಷಕಾಂಶ ಫೋಲಿಕ್ ಆಮ್ಲ. ಅದರ ಕತೆಗೂ ನಮ್ಮ ಬೆಟ್ಟಸೀಮೆಗೂ ಸ್ವಲ್ಪ ನಂಟಿದೆಯಾದ್ದರಿಂದ ಹೇಳುತ್ತೇನೆ. ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು, ಬಡ ಗರ್ಭಿಣಿಯರಲ್ಲಿ, ಮುಖ್ಯವಾಗಿ ಬಟ್ಟೆಗಿರಣಿಗಳ ಹೆಂಗಸರಲ್ಲಿ, ಕಾಣುತ್ತಿದ್ದ ಒಂದು ಬಗೆಯ ತೀವ್ರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿಯೂ ಕೆಲವು ಕಾಲ ಕೆಲಸ ಮಾಡಿದರು. ಯೀಸ್ಟಿನಿಂದ ತಯಾರಾದ ಅಗ್ಗದ ಸಾರವೊಂದನ್ನು ಕೊಟ್ಟರೆ ಈ ಹೆಂಗಸರು ಚೇತರಿಸಿಕೊಳ್ಳುತ್ತಾರೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಅಂಶ ಯಾವುದೆಂದು ಆಗ ತಿಳಿದಿರಲಿಲ್ಲ. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದರು; ಎಲೆಗೆ ಲ್ಯಾಟಿನ್ನಿನಲ್ಲಿರುವ ‘ಫೋಲಿಯಂ’ ಎಂಬ ಪದದಿಂದ ಫೋಲಿಕ್ ಎಂದು ಹೆಸರಿಟ್ಟರು. ಹಿಂದೆ ನರನಾಳದ ದೋಷವಿದ್ದ ಮಗುವನ್ನು ಹೆತ್ತ ತಾಯಂದಿರಿಗೆ ಮುಂದಿನ ಬಸಿರಿಗೆ ಮೊದಲೇ ಈ ಆಮ್ಲವನ್ನು ಕೊಟ್ಟಾಗ, ದೋಷ ಮರುಕಳಿಸುವುದು ಶೇಕಡ 72ರಷ್ಟು ಕಡಿಮೆಯಾಯಿತೆಂದು 1991ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿತು.

ಎಲೆಯ ಹೆಸರನ್ನೇ ಹೊತ್ತ ಈ ಆಮ್ಲ ನಮ್ಮ ಹಿತ್ತಿಲಿನಲ್ಲಿ ಧಾರಾಳವಾಗಿದೆ. ಹರಿವೆ, ಬಸಳೆ, ನುಗ್ಗೆಸೊಪ್ಪು, ಹೆಸರುಕಾಳು, ಅಲಸಂದೆ, ಕಡಲೆ ಇವುಗಳಲ್ಲೆಲ್ಲ ಇದೆ. ಆದರೆ ಇದು ನೀರಿನಲ್ಲಿ ಕರಗುವ, ಬಹಳ ಹೊತ್ತು ಬೇಯಿಸಿದರೆ ನಾಶವಾಗುವ ವಸ್ತು. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆಯುವುದು, ಬೇಯಿಸಿ ನೀರು ಬಸಿದು ಚೆಲ್ಲುವುದು, ಇವೆರಡರಿಂದ ಅದರ ಬಹುಪಾಲನ್ನು ನಾವೇ ಬಚ್ಚಲಿಗೆ ಹಾಕುತ್ತೇವೆ. ಮೊದಲು ತೊಳೆದು, ಆಮೇಲೆ ಹೆಚ್ಚಿ, ಕಡಿಮೆ ನೀರಿನಲ್ಲಿ ಮುಚ್ಚಿ ಬೇಯಿಸಬೇಕು. ಬೆಂದ ನೀರು ಸಾರಿಗೆ ಸೇರಬೇಕು.

ಇಷ್ಟಾದರೂ ಮಾತ್ರೆ ಬೇಕು. ಸೊಪ್ಪಿನ ಪಕ್ಷಪಾತಿಯಾದ ನಾನು ಈ ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ‘ಸಹಜ ಆಹಾರವೇ ಸಾಕು, ಕಂಪನಿಯ ಮಾತ್ರೆ ಬೇಡ’ ಎಂಬ ನಿಲುವು ನಮ್ಮ ಬಳಗದಲ್ಲಿಯೇ ಇದೆ. ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲವನ್ನು ಬಸಿರಿನ ಯೋಚನೆ ಮಾಡಿದಂದಿನಿಂದ 12 ವಾರ ತುಂಬುವವರೆಗೆ ತೆಗೆದುಕೊಳ್ಳಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸರ್ಕಾರದ ಕಬ್ಬಿಣದ ಕೆಂಪು ಮಾತ್ರೆಯನ್ನು ಗರ್ಭಿಣಿಯರಿಗೆ ದಿನಕ್ಕೊಂದರಂತೆ ಕೊಡುವುದು ನಾಲ್ಕನೆಯ ತಿಂಗಳಿನಿಂದ. ಮೊದಲ ಮೂರು ತಿಂಗಳಿಗೆ ಫೋಲಿಕ್ ಆಮ್ಲದ ಮಾತ್ರೆ ಬೇರೆಯೇ ಇದೆ. ಅದನ್ನು ಕೇಳಿ ಪಡೆಯಬೇಕು. ಶಾಲೆಯಲ್ಲಿ ಹುಡುಗಿಯರಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿಯೂ ಕಬ್ಬಿಣದೊಡನೆ ಈ ಆಮ್ಲವಿದೆ. ಅದನ್ನು ಕಿಟಕಿಯಿಂದಾಚೆ ಎಸೆಯುವ ವಿದ್ಯಾರ್ಥಿನಿಯರು ಈ ಸಭೆಯಲ್ಲಿಯೂ ಇರಬಹುದು. ಹೊಟ್ಟೆ ತೊಳಸುತ್ತದೆಂಬುದು ನಿಜ. ಊಟವಾದ ಮೇಲೆ ತೆಗೆದುಕೊಂಡರೆ ಅಷ್ಟಾಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಗರ್ಭಿಣಿಯರಲ್ಲಿ ಶೇಕಡ 52.2ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಬಸಿರಾದ ಮೇಲೆ ತುಂಬಿಸುತ್ತೇವೆಂದರೆ ಆ ಕೊರತೆ ಸುಲಭಕ್ಕೆ ತುಂಬುವುದಿಲ್ಲ. ಊಟದ ಜೊತೆಯಲ್ಲಿ ಚಹಾ, ಕಾಫಿ ಬೇಡ, ಅವು ಕಬ್ಬಿಣವನ್ನು ಹಿಡಿದಿಟ್ಟುಬಿಡುತ್ತವೆ. ಲಿಂಬೆರಸ, ನೆಲ್ಲಿಕಾಯಿ ಜೊತೆಗಿದ್ದರೆ ಅದು ಮೈಗೆ ಹತ್ತುತ್ತದೆ.

ಅಯೋಡಿನ್ ಉಪ್ಪಿನ ವಿಷಯದಲ್ಲಿಯೂ ನಾನು ನಮ್ಮವರ ಮಾತಿಗೆ ಎದುರಾಡಬೇಕಾಗಿದೆ. 2006ರಲ್ಲಿ ಅದು ಕಡ್ಡಾಯವಾದಾಗ ಹರಳುಪ್ಪಿನ ಸಣ್ಣ ಉತ್ಪಾದಕರ ಪರವಾಗಿ ಚಳವಳಿಗಳ ವಲಯದಲ್ಲಿ ಎದ್ದ ದನಿಗೆ ನ್ಯಾಯವಿತ್ತು. ಆದರೆ ಹೆಚ್ಚು ಮಳೆ ಬೀಳುವ ಇಳಿಜಾರಿನ ಮಣ್ಣಿನಿಂದ ಅಯೋಡಿನ್ ತೊಳೆದುಹೋಗುತ್ತದೆಂಬುದು ಮಣ್ಣಿನ ವಿದ್ಯಾರ್ಥಿಯಾಗಿ ನಾನು ಬಲ್ಲ ಸಂಗತಿ. ಮಣ್ಣಿನಲ್ಲಿಲ್ಲದ್ದು ಸೊಪ್ಪಿಗೆ ಬರುವುದಿಲ್ಲ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ತಾಯಿಯ ಥೈರಾಯ್ಡ್ ಗ್ರಂಥಿಯನ್ನೇ ನಂಬಿರುತ್ತದೆ. ಉಪ್ಪಿನಕಾಯಿಗೆ ಹರಳುಪ್ಪಿರಲಿ, ದಿನದ ಅಡುಗೆಗೆ ಅಯೋಡಿನ್ ಉಪ್ಪು, ಮುಚ್ಚಳವಿರುವ ಡಬ್ಬಿಯಲ್ಲಿ.

ಇನ್ನು ‘ನಂಜು’, ‘ಉಷ್ಣ’ಗಳ ಪಟ್ಟಿ. ಬಸುರಿಗೆ ಪಪ್ಪಾಯಿ ಬೇಡ, ಅನಾನಸು ಬೇಡ, ಬದನೆ ಬೇಡ, ಹಲಸು ಬೇಡ ಎಂದು ಕಳೆಯುತ್ತ ಹೋದರೆ ಕೊನೆಗೆ ಅವಳ ಬಾಳೆಯಲ್ಲಿ ಅನ್ನ, ತಿಳಿಸಾರು ಉಳಿಯುತ್ತದೆ. ಪಪ್ಪಾಯಿಯ ಭಯಕ್ಕೆ ಒಂದಿಷ್ಟು ಆಧಾರವಿದೆ. ಕಾಯಿಯ ಹಾಲಿನಂಥ ಸೊನೆ ಇಲಿಗಳ ಗರ್ಭಕೋಶವನ್ನು ಸಂಕುಚಿಸುವುದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಆದ್ದರಿಂದ ಕಾಯಿ, ದೋರೆಗಾಯಿ ಬೇಡ. ಪೂರ್ತಿ ಹಣ್ಣಾದ ಪಪ್ಪಾಯಿಯಲ್ಲಿ ಆ ಸೊನೆ ಇರುವುದಿಲ್ಲ, ಫೋಲಿಕ್ ಆಮ್ಲವಿರುತ್ತದೆ. ಅನಾನಸಿನ ನಾಲ್ಕು ಹೋಳಿನಿಂದ ಗರ್ಭ ಇಳಿಯುವುದಿಲ್ಲ. ಅದರ ಬಗೆಗೆ ನನ್ನ ಚಿಂತೆ ಬೇರೆ, ಹಣ್ಣು ಮಾಡಲು ಏನು ಹೊಡೆದಿದ್ದಾರೆ ಎಂಬುದು. ಇಬ್ಬರಿಗಾಗುವಷ್ಟು ಉಣ್ಣಬೇಕೆಂಬ ಒತ್ತಾಯವೂ ಈಗ ಬೇಡ. ಊಟದ ಪ್ರಮಾಣ ಹೆಚ್ಚಬೇಕಾದದ್ದು ನಾಲ್ಕನೆಯ ತಿಂಗಳ ಮೇಲೆ. ವಾಕರಿಕೆ ಇದ್ದಾಗ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಲಿ. ರಾಗಿಗಂಜಿ, ಮಜ್ಜಿಗೆಯನ್ನ, ಅವಲಕ್ಕಿ, ಏನು ಸೇರುತ್ತದೋ ಅದು. ಎಲ್ಲರಿಗೂ ಬಡಿಸಿ ಮೂರು ಗಂಟೆಗೆ ಸೊಸೆ ಉಣ್ಣುವ ಪದ್ಧತಿ ಮಾತ್ರ ಈ ತಿಂಗಳುಗಳಲ್ಲಿ ನಿಲ್ಲಬೇಕು. ಮಾಂಸ, ಮೀನು ತಿನ್ನದ ಮನೆಗಳಲ್ಲಿ ಬಿ-12ಕ್ಕೆ ಹಾಲು ಮೊಸರೇ ಆಧಾರ. ಹಾಲೆಲ್ಲ ಡೈರಿಗೆ ಹೋಗಿ ಅವಳಿಗೆ ನೀರುಮಜ್ಜಿಗೆ ಉಳಿಯಬಾರದು.

ನಮ್ಮ ಕಾಡು-ಬದುವಿನ ಆಹಾರದ ಬಗೆಗೆ ಎರಡು ಮಾತು. ಒಂದೆಲಗದ ತಂಬುಳಿ ಯಾರಿಗೆ ಬೇಡ! ಆದರೆ ಒಂದೆಲಗ ಬೆಳೆಯುವುದು ದನ ಓಡಾಡುವ ಗದ್ದೆಬದುವಿನಲ್ಲಿ, ಅಡಿಕೆಮರದ ಹನಿ ಬೀಳುವ ಕಪ್ಪಿನ ಅಂಚಿನಲ್ಲಿ. ಹಸಿಯಾಗಿ ಅರೆಯುವಾಗ ಸೆಗಣಿ, ಮಣ್ಣು, ಬೆಕ್ಕಿನ ಹೇಲಿನಿಂದ ಬರುವ ರೋಗಾಣುಗಳು ಉಳಿಯುತ್ತವೆ. ಅವುಗಳಲ್ಲಿ ಟೊಕ್ಸೊಪ್ಲಾಸ್ಮಾ ಎಂಬುದು ಗರ್ಭಕ್ಕೆ ನೇರ ಅಪಾಯಕಾರಿ. ನಮ್ಮ ಅಜ್ಜಿಯರ ಕುಡಿತಂಬುಳಿಯ ಕ್ರಮದಲ್ಲಿ ಚಿಗುರನ್ನು ತುಪ್ಪದಲ್ಲಿ ಬಾಡಿಸಿ ಅರೆಯುತ್ತಾರಲ್ಲ, ಬಸುರಿಗೆ ಎಲ್ಲ ಸೊಪ್ಪನ್ನೂ ಹಾಗೆಯೇ ಬಿಸಿ ತಾಗಿಸಿ ಮಾಡಬೇಕು. ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಹೆಚ್ಚಿ, ದಿನವೂ ನೀರು ಬದಲಾಯಿಸುತ್ತ ನೆನೆಸಿಟ್ಟು, ಚೆನ್ನಾಗಿ ಬೇಯಿಸುವ ನಮ್ಮ ಹಳೆಯ ಕ್ರಮದಲ್ಲಿ ಅದು ಹೋಗುತ್ತದೆ; ಅವಸರದ ಕಳಲೆಪಲ್ಯ ಬೇಡ. ಗುರುತು ಖಚಿತವಿಲ್ಲದ ಅಣಬೆ ಯಾರಿಗೂ ಬೇಡ. ಕಾಯಿಸದ ಹಾಲು, ಅರೆಬೆಂದ ಮಾಂಸ ಮೊಟ್ಟೆ, ಕುದಿಸದ ಹಳ್ಳದ ನೀರು ಬೇಡ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಶೇಂಗಾ, ಕೊಬ್ಬರಿಯನ್ನು ಒರೆಸಿ ಬಳಸುವುದುಂಟು. ಶೇಂಗಾದ ಬೂಷ್ಟಿನ ವಿಷ ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಚೆಲ್ಲಿಬಿಡಿ.

ಈಗ ನನ್ನ ಮುಖ್ಯ ವಿಷಯ. ಇನ್ನು ಕೆಲವೇ ದಿನಗಳಲ್ಲಿ ಕೊಟ್ಟೆ ಕಟ್ಟುವುದು, ಔಷಧಿ ಹೊಡೆಯುವುದು ಆರಂಭವಾಗುತ್ತದೆ. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಶೇಕಡ ಒಂದರ ಬೋರ್ಡೋ ದ್ರಾವಣ ಕೀಟನಾಶಕಗಳಷ್ಟು ಘೋರವಲ್ಲ. ಆದರೂ ಅದರ ನೀಲಿ ಹನಿ ಬಿದ್ದ ಕೆಸು, ಒಂದೆಲಗ, ಬಸಳೆ ಅಡುಗೆಮನೆಗೆ ಬರಬಾರದು. ಸಿಂಪರಣೆಗೆ ಮೊದಲೇ ವಾರಕ್ಕಾಗುವಷ್ಟು ಸೊಪ್ಪನ್ನು ತೋಟದಿಂದಾಚೆಯ ಮಡಿಯಲ್ಲಿ ಬೆಳೆದಿಟ್ಟುಕೊಳ್ಳಬೇಕು. ಶುಂಠಿ, ತರಕಾರಿಗಳಿಗೆ ಹೊಡೆಯುವ ಕೀಟನಾಶಕಗಳ ಮಾತು ಹಾಗಲ್ಲ. ಶುಂಠಿ ಪ್ಲಾಟಿನಲ್ಲಿ ಹರಳಾಗಿ ಉದುರಿಸುತ್ತಿದ್ದ ಫೋರೇಟ್ ಎಂಥ ವಿಷವೆಂದರೆ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದರ ಬಳಕೆಯನ್ನೇ ನಿಷೇಧಿಸಬೇಕಾಯಿತು. ಕೊಟ್ಟಿಗೆಯ ಅಟ್ಟದಲ್ಲಿ ಹಳೆಯ ಪೊಟ್ಟಣ ಉಳಿದಿದ್ದರೆ ದಯವಿಟ್ಟು ‘ಮುಗಿಸಿಬಿಡೋಣ’ ಎನ್ನಬೇಡಿ. ಎಂಡೋಸಲ್ಫಾನ್ ಗೇರುತೋಟಗಳ ಮೇಲೆ ಸುರಿದು ಕಾಸರಗೋಡಿನಲ್ಲೂ ದಕ್ಷಿಣ ಕನ್ನಡದಲ್ಲೂ ಹುಟ್ಟಿದ ಮಕ್ಕಳ ಸ್ಥಿತಿಯನ್ನು ನಾವೆಲ್ಲ ಕಂಡಿದ್ದೇವೆ. ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಆ ತಾಯಂದಿರ ಬಸಿರು ಅದಕ್ಕೂ ಎಷ್ಟೋ ವರ್ಷ ಹಿಂದಿನದು.

ಉಪ್ಪುನೀರು, ಹುಣಿಸೆನೀರಿನಲ್ಲಿ ತೊಳೆದರೆ ವಿಷ ಹೋಗುವುದೇ ಎಂದು ಕೇಳುತ್ತೀರಿ. ಮೇಲೆ ಕುಳಿತದ್ದು ಒಂದಿಷ್ಟು ಹೋಗುತ್ತದೆ. ಗಿಡದ ರಸದೊಳಗೇ ಸೇರುವ ಬಗೆಯದು ಹೋಗುವುದಿಲ್ಲ. ಡಬ್ಬಿಯ ಮೇಲೆ ಬರೆದಿರುವಷ್ಟು ದಿನ ಕಾಯದೆ ಕೊಯ್ದ ಬದನೆ, ಹೂಕೋಸುಗಳನ್ನು ಎಷ್ಟು ತೊಳೆದರೂ ಅಷ್ಟೇ. ‘ಮನೆಗೆ ಬೇರೆ ಸಾಲು, ಮಾರ್ಕೆಟ್ಟಿಗೆ ಬೇರೆ ಸಾಲು’ ಎಂದು ಬೆಳೆಯುವ ರೈತಬಂಧುಗಳು ನಮ್ಮ ನಡುವೆ ಇದ್ದಾರೆ. ಪೇಟೆಯಲ್ಲಿ ಆ ಎರಡನೆಯ ಸಾಲನ್ನು ಕೊಳ್ಳುವವಳೂ ಬಸುರಿಯಾಗಿರಬಹುದು.

ಔಷಧಿ ಹೊಡೆದು ಬಂದ ಗಂಡ ಅಂಗಿ ಪಂಚೆಯನ್ನು ಬಚ್ಚಲಿನಲ್ಲಿ ಬಿಡುತ್ತಾನೆ. ಒಗೆಯುವವಳು ಯಾರು? ಮಲಗುವ ಕೋಣೆಯ ಮೂಲೆಯಲ್ಲಿ ಕೀಟನಾಶಕದ ಬಾಟಲಿ, ಖಾಲಿ ಕ್ಯಾನು ತೊಳೆದು ಅದರಲ್ಲಿ ಮಜ್ಜಿಗೆ ಒಯ್ಯುವುದು, ಬೆರೆಸಿದ ಬಕೆಟ್ಟಿನಲ್ಲೇ ಸೊಪ್ಪು ತೊಳೆಯುವುದು, ಇವನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೇನೆ. ಬಸುರಿ ಇರುವ ಮನೆಯಲ್ಲಿ ಆ ಬಟ್ಟೆಯನ್ನು ಹೊಡೆದವನೇ ಬೇರೆ ಕಲ್ಲಿನ ಮೇಲೆ ಒಗೆಯಬೇಕು. ಗಂಡಸರು ನಗುತ್ತಿದ್ದೀರಿ; ನಾನು ತಮಾಷೆ ಮಾಡಲಿಲ್ಲ.

ಕೊನೆಯದಾಗಿ, ಈ ಸಭೆಯಲ್ಲಿ ಹೇಳಲು ಕಷ್ಟವಾದ ಮಾತು. ನನ್ನ ಮನೆಯ ಅನ್ನವೂ ಅಡಿಕೆಯದೇ. ಆದರೆ ವಾಕರಿಕೆ ನಿಲ್ಲಲೆಂದು ಬಸುರಿಯರು ಕವಳ ಹಾಕುವುದು ಸಲ್ಲದು. ತಂಬಾಕಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಆ ವರ್ಗೀಕರಣದ ಬಗೆಗೆ ಬೆಳೆಗಾರರ ತಕರಾರು ಏನೇ ಇರಲಿ, ಬಸಿರಿನಲ್ಲಿ ಅಡಿಕೆ ಅಗಿಯುವವರ ಮಕ್ಕಳ ತೂಕ ಕಡಿಮೆಯಿರುವುದನ್ನು ತೈವಾನಿನಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ತಂಬಾಕು, ಹೆಂಡದ ಮಾತು ಹೇಳಬೇಕಾಗಿಯೇ ಇಲ್ಲ. ವಾಕರಿಕೆಗೆ ತೊಳೆದು ಸಿಪ್ಪೆ ಹೆರೆದ ಹಸಿಶುಂಠಿಯ ಚೂರು ಒಳ್ಳೆಯದು. ಶುಂಠಿ ಮಾತ್ರ ಹಿತ್ತಿಲಿನದಾಗಿರಲಿ. ನೀರೂ ನಿಲ್ಲದಷ್ಟು ವಾಂತಿಯಾದರೆ, ರಕ್ತ ಕಂಡರೆ, ಮಣ್ಣು ಬೂದಿ ತಿನ್ನುವ ಬಯಕೆ ಹುಟ್ಟಿದರೆ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು.

ಹೊರಗೆ ಚಪ್ಪರದ ಬುಡದಲ್ಲಿ ನುಗ್ಗೆಯ ಗೂಟಗಳನ್ನೂ ಹರಿವೆ ಬೀಜದ ಪೊಟ್ಟಣಗಳನ್ನೂ ಇಟ್ಟಿದ್ದೇನೆ. ನುಗ್ಗೆಯನ್ನು ನೀರು ನಿಲ್ಲದ ಕಡೆ, ತೋಟದ ಸಿಂಪರಣೆ ತಾಗದಷ್ಟು ದೂರದಲ್ಲಿ ನೆಡಿ. ಮನೆಗೆ ಎರಡು ಗೂಟ ಸಾಕು. ಹೊಸ ಸೊಸೆ ಬಂದ ಮನೆಯವರು ಮೊದಲು ತೆಗೆದುಕೊಳ್ಳಿ.