ತೀರಿತು: ಶಿಲುಬೆಯ ಮೇಲಿನ ಆರನೆಯ ಮಾತು
(ಶುಭಶುಕ್ರವಾರದ ಪ್ರಬೋಧನೆ)



ಸಂತ ಯೊವಾನ್ನರು ಬರೆದ ಪ್ರಭುವಿನ ಯಾತನೆಯ ವೃತ್ತಾಂತವನ್ನು ಈಗತಾನೇ ಆಲಿಸಿದೆವು. ಒಂದು ಕಡೆ ವಾಚನ ನಿಂತಿತು, ನಾವೆಲ್ಲರೂ ಮೊಣಕಾಲೂರಿ ಮೌನವಾದೆವು. ಆ ಮೌನಕ್ಕೆ ತುಸು ಮುಂಚೆ ಪ್ರಭುವಿನ ಬಾಯಿಂದ ಬಂದದ್ದು ಒಂದೇ ಒಂದು ಪದ. ಶುಭಸಂದೇಶದ ಗ್ರೀಕ್ ಮೂಲದಲ್ಲಿ ಅದು 'ತೆತೆಲೆಸ್ತಾಯ್' ಎಂದಿದೆ. ಈ ರೂಪದಲ್ಲಿ ಆ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಎರಡೇ ಸಲ ಬರುತ್ತದೆ. ಎರಡೂ ಸಲ ಇದೇ ಅಧ್ಯಾಯದಲ್ಲಿ, ಹತ್ತಿರ ಹತ್ತಿರದಲ್ಲೇ (ಯೊವಾನ್ನ 19:28, 30). ಲತೀನ್ ಭಾಷೆಯಲ್ಲಿ ಅದು 'ಕೊನ್ಸುಮ್ಮಾತುಮ್ ಎಸ್ತ್' ಆಯಿತು. ಕನ್ನಡದಲ್ಲಿ 'ಮುಗಿಯಿತು', 'ತೀರಿತು', 'ನೆರವೇರಿತು', 'ಪೂರ್ಣವಾಯಿತು' ಎಂದು ಹೇಗೆ ಬೇಕಾದರೂ ಹೇಳಬಹುದು. ಹೇಗೆ ಬೇಕಾದರೂ ಹೇಳಬಹುದು ಎನ್ನುವಲ್ಲೇ ತೊಂದರೆ ಇರುವುದು. ಸೋತವನೂ 'ಎಲ್ಲಾ ಮುಗಿಯಿತು' ಎನ್ನುತ್ತಾನೆ, ಗೆದ್ದವನೂ 'ಮುಗಿಯಿತು' ಎನ್ನುತ್ತಾನೆ. ಪ್ರಭು ಹೇಳಿದ್ದು ಯಾವ ದನಿಯಲ್ಲಿ?

ಈ ಪ್ರಶ್ನೆ ನಮಗೆ ಪುಸ್ತಕದಿಂದ ಬಂದದ್ದಲ್ಲ, ಒಂದು ಮನೆಯಿಂದ ಬಂದದ್ದು. ಕೆಲವು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿ ನಾವು ಸೇವೆ ಮಾಡುತ್ತಿದ್ದಾಗ, ಗಾರೆ ಕೆಲಸದವರೊಬ್ಬರಿಗೆ ಪವಿತ್ರ ತೈಲದ ಅಭ್ಯಂಗ ನೀಡಲು ಹೋಗಿದ್ದೆವು. ಜೀವಮಾನವೆಲ್ಲ ಊರವರ ಮನೆಗಳನ್ನು ಕಟ್ಟಿದ ಕೈ. ತಮ್ಮದೇ ಮನೆ ಮಾತ್ರ ಲಿಂಟಲ್ ಮಟ್ಟಕ್ಕೆ ನಿಂತಿತ್ತು. ಅದರ ಪಕ್ಕದ ಶೀಟಿನ ಕೋಣೆಯಲ್ಲಿ ಅವರು ಮಲಗಿದ್ದರು. ಕಿಟಕಿಯಿಂದ ಆ ಅರ್ಧ ಗೋಡೆ ಕಾಣುತ್ತಿತ್ತು. ಕಿರಿಯ ಮಗಳ ಮದುವೆ ಆಗಿರಲಿಲ್ಲ, ಸಂಘದ ಸಾಲ ಬಾಕಿ ಇತ್ತು. ಪ್ರಾರ್ಥನೆ ಮುಗಿದ ಮೇಲೆ ಅವರು ನಮ್ಮ ಕೈ ಹಿಡಿದುಕೊಂಡು, "ಎಲ್ಲಾ ಅರ್ಧಕ್ಕೇ ನಿಂತುಹೋಯ್ತಲ್ಲ ಸ್ವಾಮಿ" ಎಂದರು.

ನಾವು ಏನು ಹೇಳಿದೆವು? ಸೆಮಿನರಿಯಲ್ಲಿ ಕಲಿತದ್ದು ನಾಲಿಗೆಯ ತುದಿಯಲ್ಲೇ ಇತ್ತು. "ಪ್ರಭು ಶಿಲುಬೆಯ ಮೇಲೆ ನಮಗಾಗಿ ಎಲ್ಲವನ್ನೂ ನೆರವೇರಿಸಿದ್ದಾರೆ, ಚಿಂತೆ ಬಿಡಿ" ಎಂದೆವು. ಅವರು ಬೇರೆ ಮಾತಾಡಲಿಲ್ಲ. ಕೈ ಬಿಟ್ಟು ಗೋಡೆಯ ಕಡೆಗೆ ತಿರುಗಿ ಮಲಗಿದರು. ನಾಲ್ಕು ದಿನಗಳ ನಂತರ ತೀರಿಕೊಂಡರು. ನಾವು ಹೇಳಿದ್ದು ಧರ್ಮಸಿದ್ಧಾಂತದ ಪ್ರಕಾರ ತಪ್ಪಲ್ಲ. ಆದರೂ ಅದು ಅವರಿಗೆ ತಲುಪಲಿಲ್ಲ. ಬಹುಶಃ ನಮಗೇ ಆ ಮಾತು ಸರಿಯಾಗಿ ತಲುಪಿರಲಿಲ್ಲ. ಕಟ್ಟಲು ತೊಡಗಿ ಮುಗಿಸಲಾರದೆ ಹೋದವನನ್ನು ನೋಡಿದವರೆಲ್ಲ ಗೇಲಿ ಮಾಡುವ ಗೋಪುರದ ಸಾಮತಿಯನ್ನು (ಲೂಕ 14:28-30) ಅವರು ಎಷ್ಟು ಭಾನುವಾರ ಪೀಠದಿಂದ ಕೇಳಿದ್ದರೋ! ಆ ಸಾಮತಿಯಲ್ಲಿ 'ಮುಗಿಸಲು' ಎಂಬುದಕ್ಕೆ ಇರುವ ಗ್ರೀಕ್ ಪದವೂ ಇದೇ ಬೇರಿನದು. ಹಾಗಾಗಿ ಇಂದು ಈ ಒಂದು ಪದದ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ.

ಈ ಪದದ ಬೇರು 'ತೆಲೊಸ್'. ಇದಕ್ಕೆ ಕೊನೆ ಎಂದೂ ಅರ್ಥ, ಗುರಿ ಎಂದೂ ಅರ್ಥ. ನಮಗೆ ಇವು ಎರಡು ಬೇರೆ ಬೇರೆ ಸಂಗತಿಗಳು. ರಸ್ತೆ ಕೊನೆಯಾಗುವುದು ಬೇರೆ, ಊರು ಸೇರುವುದು ಬೇರೆ. ಗ್ರೀಕರ ಕಿವಿಗೆ ಒಂದೇ ಪದದಲ್ಲಿ ಎರಡೂ ಕೇಳಿಸುತ್ತಿದ್ದವು. ಕಾಯಿ ಹಣ್ಣಾದಾಗ ಕಾಯಿಯ ಕಾಲ ಮುಗಿಯಿತು, ಆದರೆ ಕಾಯಿ ನಷ್ಟವಾಯಿತು ಎಂದು ಯಾರೂ ಅಳುವುದಿಲ್ಲ. 'ತೆಲೊಸ್' ಆ ಬಗೆಯ ಕೊನೆ. ಇದೇ ಪದಕ್ಕೆ ಸುಂಕ, ತೆರಿಗೆ ಎಂಬ ಅರ್ಥವೂ ಉಂಟು. ಮತ್ತಾಯರು ಕುಳಿತಿದ್ದ ಸುಂಕದ ಕಟ್ಟೆಯ ಹೆಸರು 'ತೆಲೊನಿಯೊನ್'. ಅದು ಇದೇ ಪದದಿಂದ ಹುಟ್ಟಿದ್ದು. ನಿಮ್ಮ ಗುರುಗಳು ದೇವಾಲಯದ ತೆರಿಗೆ ಕಟ್ಟುವುದಿಲ್ಲವೇ ಎಂದು ಪೇತ್ರರನ್ನು ಕೇಳುವಲ್ಲಿಯೂ (ಮತ್ತಾಯ 17:24) 'ಕಟ್ಟು' ಎಂಬುದಕ್ಕೆ ಇದೇ ಕ್ರಿಯಾಪದವಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಆ ಕಾಲದಲ್ಲಿ ಸಾಲ ತೀರಿದ ಪತ್ರದ ಮೇಲೆ 'ತೆತೆಲೆಸ್ತಾಯ್' ಎಂದು ಬರೆದು ಮುದ್ರೆ ಒತ್ತುತ್ತಿದ್ದರು, ಯೇಸು ನಮ್ಮ ಪಾಪದ ಸಾಲಪತ್ರದ ಮೇಲೆ ಅದನ್ನೇ ಬರೆದರು ಎಂಬ ಪ್ರಸಂಗವನ್ನು ನೀವು ಧ್ಯಾನಕೂಟಗಳಲ್ಲಿ ಕೇಳಿರಬಹುದು. ನಾವೂ ಒಂದೆರಡು ಬಾರಿ ಹೇಳಿದ್ದೇವೆ. ಕೇಳಲು ಚೆನ್ನಾಗಿದೆ, ಆಧಾರ ಮಾತ್ರ ತೆಳುವು. ಈಜಿಪ್ಟಿನಲ್ಲಿ ದೊರೆತ ಪಪೈರಸ್ ಚೀಟಿಗಳಲ್ಲಿ ಇರುವುದು ಮೊಟಕುಗೊಳಿಸಿದ ಕೆಲವು ಅಕ್ಷರಗಳು. ಅವು ಸರಕಿನ ಮೇಲಿನ ಸುಂಕದ ರಸೀದಿಗಳು. ಆ ಅಕ್ಷರಗಳನ್ನು 'ಸುಂಕ ಸಂದಿದೆ' ಎಂಬ ಬೇರೊಂದು ಕ್ರಿಯಾಪದದ ಮೊಟಕು ರೂಪವೆಂದೇ ವಿದ್ವಾಂಸರು ಓದುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಸಂತ ಯೊವಾನ್ನರ ಶುಭಸಂದೇಶದಲ್ಲಿ ತಂದೆ ದೇವರು ಸಾಲ ವಸೂಲಿಗೆ ನಿಂತ ಸಾಹುಕಾರರಲ್ಲ. ಲೋಕವನ್ನು ಎಷ್ಟೋ ಪ್ರೀತಿಸಿ ಮಗನನ್ನೇ ಕೊಟ್ಟವರು. ರಸೀದಿಯ ಕಥೆಯನ್ನು ಬದಿಗಿಟ್ಟು, ಯೊವಾನ್ನರು ಈ ಪದವನ್ನು ಎಲ್ಲೆಲ್ಲಿ ಬಳಸಿದ್ದಾರೋ ಅಲ್ಲಿಗೇ ಹೋಗುವುದು ಒಳ್ಳೆಯದು.

ಮೊದಲ ಜಾಗ ಸಮಾರಿಯದ ಬಾವಿಕಟ್ಟೆ. ನಡುಮಧ್ಯಾಹ್ನ, ಯೇಸು ದಣಿದು ಕುಳಿತಿದ್ದಾರೆ, ಕುಡಿಯಲು ನೀರು ಕೇಳಿದ್ದಾರೆ. ಶಿಷ್ಯರು ಊಟ ತಂದಾಗ, ತಮ್ಮನ್ನು ಕಳುಹಿಸಿದವರ ಕೆಲಸವನ್ನು ಪೂರ್ಣಗೊಳಿಸುವುದೇ ತಮಗೆ ಆಹಾರ ಎನ್ನುತ್ತಾರೆ (4:34). ಆ 'ಪೂರ್ಣಗೊಳಿಸು' ಇದೇ ಬೇರಿನ ಪದ. ಕಡೆಯ ಭೋಜನದ ರಾತ್ರಿ ತಂದೆಗೆ ಪ್ರಾರ್ಥಿಸುವಾಗ, ಕೊಟ್ಟ ಕೆಲಸವನ್ನು ಪೂರೈಸಿದ್ದೇನೆ ಎಂದು ಮತ್ತೆ ಅದನ್ನೇ ಹೇಳುತ್ತಾರೆ (17:4). ಇಂದು ಶಿಲುಬೆಯ ಮೇಲೆ ಮತ್ತೆ ನಡುಹಗಲು, ಮತ್ತೆ ದಾಹ, ಮತ್ತೆ ಅದೇ ಪದ. ಬಾವಿಕಟ್ಟೆಯಲ್ಲಿ ಯೇಸು ನೀರು ಕುಡಿದರೋ ಇಲ್ಲವೋ ಎಂಬುದನ್ನು ಯೊವಾನ್ನರು ಹೇಳುವುದೇ ಇಲ್ಲ. ಇಲ್ಲಿ ಹುಳಿರಸವನ್ನು ತೆಗೆದುಕೊಂಡ ಮೇಲೆ ಮಾತ್ರ 'ತೀರಿತು' ಎನ್ನುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ಪವಿತ್ರ ಗ್ರಂಥದ ಮಾತು ನೆರವೇರಿತು ಎಂದು ಹೇಳುವಾಗಲೆಲ್ಲ ಯೊವಾನ್ನರು ಸಾಮಾನ್ಯವಾಗಿ 'ಪ್ಲೆರೊಓ' ಎಂಬ ಪದ ಬಳಸುತ್ತಾರೆ. ಕೊಡ ತುಂಬಿದ ಹಾಗೆ ತುಂಬುವುದು ಎಂದು ಅದರ ಅರ್ಥ. ಸೈನಿಕರು ಅಂಗಿಗೆ ಚೀಟಿ ಹಾಕುವಲ್ಲಿ ಅದೇ ಪದ, ಕಾಲು ಮುರಿಯದೆ ಬಿಟ್ಟಲ್ಲಿ ಅದೇ ಪದ. 'ನನಗೆ ದಾಹ' ಎನ್ನುವ ಈ ಒಂದು ಕಡೆ ಮಾತ್ರ ಅದನ್ನು ಬಿಟ್ಟು 'ತೆಲೊಸ್' ಬೇರಿನ ಪದವನ್ನು ಹಾಕಿದ್ದಾರೆ. ಗ್ರಂಥದ ಒಂದು ವಾಕ್ಯ ತುಂಬಿತು ಎಂದಲ್ಲ, ಗ್ರಂಥವೇ ತನ್ನ ಗುರಿ ಮುಟ್ಟಿತು ಎಂದು ಹೇಳುತ್ತಿದ್ದಾರೆ ಎಂಬುದು ನಮ್ಮ ತಿಳಿವಳಿಕೆ. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿ ಆರಂಭವಾದ ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದವನ್ನು ತೆರೆದು ನೋಡಿದರೆ, ಆಕಾಶ ಭೂಮಿಗಳ ಸೃಷ್ಟಿಕಾರ್ಯ ಮುಗಿಯಿತು ಎನ್ನುವಲ್ಲಿ (ಆದಿಕಾಂಡ 2:1-2) ಇದೇ ಬೇರಿನ ಕ್ರಿಯಾಪದ ಸಿಗುತ್ತದೆ. ಆ ಅನುವಾದದಲ್ಲಿ ದೇವರು ಕೆಲಸ ಮುಗಿಸುವುದು ಆರನೆಯ ದಿನ. ಏಳನೆಯದು ವಿಶ್ರಾಂತಿ. ಯೇಸು 'ತೀರಿತು' ಎಂದದ್ದೂ ವಾರದ ಆರನೆಯ ದಿನವೇ. ಮರುದಿನ ಸಬ್ಬತ್, ಸಮಾಧಿಯ ವಿಶ್ರಾಂತಿ.

ವ್ಯಾಕರಣದ ಒಂದು ಮಾತು ಹೇಳಲೇಬೇಕು, ಬೇಸರ ಪಡಬೇಡಿ. ಸೆಮಿನರಿಯಲ್ಲಿ ಕಲಿತ ಗ್ರೀಕಿನಲ್ಲಿ ಬಹುಪಾಲು ನಮಗೆ ಮರೆತುಹೋಗಿದೆ, ಇದೊಂದು ಮರೆತಿಲ್ಲ. ಕನ್ನಡದಲ್ಲಿ 'ದೀಪ ಹಚ್ಚಿದರು' ಎನ್ನುವುದಕ್ಕೂ 'ದೀಪ ಹಚ್ಚಿದೆ' ಎನ್ನುವುದಕ್ಕೂ ವ್ಯತ್ಯಾಸವಿದೆಯಲ್ಲವೇ? ಮೊದಲನೆಯದರಲ್ಲಿ ಯಾರೋ ಯಾವಾಗಲೋ ಹಚ್ಚಿದರು, ಈಗ ಆರಿರಲೂಬಹುದು. ಎರಡನೆಯದರಲ್ಲಿ ಬೆಳಕು ಈಗಲೂ ಇದೆ. ತೆತೆಲೆಸ್ತಾಯ್ ಈ ಎರಡನೆಯ ಬಗೆಯ ರೂಪ. ಆದ್ದರಿಂದ 'ನೆರವೇರಿತು' ಎನ್ನುವುದಕ್ಕಿಂತ 'ನೆರವೇರಿದೆ' ಎನ್ನುವುದು ಮೂಲಕ್ಕೆ ಹತ್ತಿರ.

ಆದರೂ ನಮಗೆ 'ತೀರಿತು' ಎಂಬ ಹಳೆಯ ಮಾತೇ ಹೆಚ್ಚು ಇಷ್ಟ. ಕಾರಣ ಕೇಳಿ. ನಮ್ಮ ಮನೆಗಳಲ್ಲಿ 'ತೀರು' ಎಷ್ಟು ಕೆಲಸ ಮಾಡುತ್ತದೆ ನೋಡಿ. ಡಬ್ಬದ ಅಕ್ಕಿ ತೀರುತ್ತದೆ. ಸಾಲ ತೀರುತ್ತದೆ. ವೇಳಾಂಗಣ್ಣಿಗೆ ಹೊತ್ತ ಹರಕೆ ತೀರುತ್ತದೆ. ಋಣ ತೀರುತ್ತದೆ. ಬಾಯಾರಿಕೆ ತೀರುತ್ತದೆ. ಹಿರಿಯರು ತೀರಿಕೊಳ್ಳುತ್ತಾರೆ. ಖಾಲಿಯಾಗುವುದು, ಸಂದಾಯವಾಗುವುದು, ಕೊಟ್ಟ ಮಾತು ಉಳಿಯುವುದು, ದಾಹ ತಣಿಯುವುದು, ಸಾಯುವುದು, ಇಷ್ಟೂ ಒಂದೇ ಪದದಲ್ಲಿ. ಶಿಲುಬೆಯ ಮೇಲೆ ಇವೆಲ್ಲವೂ ಒಂದೇ ಗಳಿಗೆಯಲ್ಲಿ ನಡೆದವು. ಯೊವಾನ್ನರ ಗ್ರೀಕ್ ಪದದಲ್ಲಿ ಇದರಲ್ಲಿ ಕೆಲವು ಇವೆ, ಎಲ್ಲವೂ ಇಲ್ಲ. ನಮ್ಮ ಅಜ್ಜಿಯಂದಿರು ಆಡುತ್ತಿದ್ದ ಮಾತು ಇಲ್ಲಿ ಸುವಾರ್ತಿಕರ ಮಾತಿಗಿಂತ ಒಂದು ಹಿಡಿ ಹೆಚ್ಚೇ ಹೊರುತ್ತದೆ ಎಂದರೆ ಸುವಾರ್ತಿಕರು ಕ್ಷಮಿಸುತ್ತಾರೆ.

ಈಗ ಆ ಗಾರೆ ಕೆಲಸದವರ ಬಳಿಗೆ ಹಿಂತಿರುಗೋಣ. ಅವರ ನೋವು ಪದದ ಅರ್ಥದ ಬಗ್ಗೆ ಅಲ್ಲ. ಕೈಯಾರೆ ಮಾಡಬೇಕಾದದ್ದು ಉಳಿದುಹೋಯಿತು ಎಂಬುದು ಅವರ ನೋವು. ಅದಕ್ಕೆ ಉತ್ತರ ಇದೇ ವಾಚನದಲ್ಲಿ, ನಾವು ಎಷ್ಟೋ ವರ್ಷ ಗಮನಿಸದೆ ಓದಿಕೊಂಡು ಹೋದ ಒಂದು ಸಣ್ಣ ಮಾತಿನಲ್ಲಿತ್ತು: 'ಇದಾದ ಮೇಲೆ' (19:28). ಇದಾದ ಮೇಲೆ, ಎಲ್ಲವೂ ತೀರಿತೆಂದು ಯೇಸು ತಿಳಿದರು. ಯಾವುದಾದ ಮೇಲೆ? ಹಿಂದಿನ ಎರಡು ವಚನಗಳನ್ನು ನೋಡಿ. ಮಾತೆ ಮರಿಯಮ್ಮನವರನ್ನು ಪ್ರೀತಿಯ ಶಿಷ್ಯರಿಗೆ, ಆ ಶಿಷ್ಯರನ್ನು ಮಾತೆಗೆ ಒಪ್ಪಿಸಿದ ಮೇಲೆ.

ಯೇಸುವಿನ ಬಾಕಿಯನ್ನು ಒಮ್ಮೆ ಲೆಕ್ಕ ಹಾಕಿ. ಶಿಷ್ಯರಲ್ಲಿ ಒಬ್ಬ ಮಾರಿಕೊಂಡ, ಒಬ್ಬರು ಅರಿಯೆನೆಂದರು, ಉಳಿದವರು ಚದುರಿಹೋದರು. ಜೆರುಸಲೇಮ್ ತಿರುಗಿಕೊಳ್ಳಲಿಲ್ಲ. ಹೇಳಬೇಕಾದದ್ದು ಇನ್ನೂ ಬಹಳವಿದೆ, ಈಗ ನೀವು ತಾಳಲಾರಿರಿ ಎಂದು ಹಿಂದಿನ ರಾತ್ರಿಯೇ ಅವರು ಒಪ್ಪಿಕೊಂಡಿದ್ದರು (16:12). ಎದುರಿಗೆ ನಿಂತ ತಾಯಿಯನ್ನು ನೋಡಿಕೊಳ್ಳುವವರಿಲ್ಲ. ಮಗನಾಗಿ ಮಾಡಬೇಕಾದ ಕರ್ತವ್ಯ ಬಾಕಿ. ಕೈಗಳಿಗೆ ಮೊಳೆ ಹೊಡೆದಿದೆ. ಆ ಕೈಗಳಿಂದ ಇನ್ನು ಏನನ್ನೂ ಮಾಡಲಾಗದು. ಆಗ ಅವರು ಆ ಬಾಕಿಯನ್ನು ಇನ್ನೊಬ್ಬರ ಕೈಗೆ ಕೊಟ್ಟರು. ಶಿಷ್ಯರು ಆ ಗಳಿಗೆಯಿಂದಲೇ ತಾಯಿಯನ್ನು ತಮ್ಮ ಮನೆಗೆ ಕರೆದುಕೊಂಡರು. ಇದಾದ ಮೇಲೆ, ಎಲ್ಲವೂ ತೀರಿತು.

ತೀರಿತು ಎಂದ ಕೂಡಲೇ ಯೊವಾನ್ನರು ಬರೆಯುವ ಮುಂದಿನ ಕ್ರಿಯೆಯೂ ಅದೇ: ತಲೆಬಾಗಿ ಆತ್ಮವನ್ನು ಒಪ್ಪಿಸಿಕೊಟ್ಟರು. 'ಪ್ರಾಣ ಹೋಯಿತು' ಎನ್ನುವುದಿಲ್ಲ, 'ಒಪ್ಪಿಸಿಕೊಟ್ಟರು' ಎನ್ನುತ್ತಾರೆ. ತಲೆಬಾಗಿದರು ಎಂಬಲ್ಲಿನ ಗ್ರೀಕ್ ಕ್ರಿಯಾಪದ, ಮನುಷ್ಯಪುತ್ರನಿಗೆ ತಲೆಯಿಡಲೂ ಸ್ಥಳವಿಲ್ಲ ಎಂದು ಹೇಳುವಲ್ಲಿ (ಮತ್ತಾಯ 8:20) ಬರುವ ಕ್ರಿಯಾಪದವೇ. ಜೀವಮಾನವೆಲ್ಲ ತಲೆಯಿಡಲು ಜಾಗವಿಲ್ಲದವರು ಕಡೆಗೆ ಇಲ್ಲಿ ತಲೆಯಿಟ್ಟರು.

ನಾವು ಆ ದಿನ ಆ ಹಾಸಿಗೆಯ ಪಕ್ಕದಲ್ಲಿ 'ಚಿಂತೆ ಬಿಡಿ' ಎನ್ನಬಾರದಿತ್ತು. "ಮೇಸ್ತ್ರಿಗಳೇ, ಈ ಗೋಡೆಯನ್ನು ಯಾರ ಕೈಗೆ ಕೊಡುತ್ತೀರಿ? ಮಗಳನ್ನು ಯಾರಿಗೆ ಒಪ್ಪಿಸುತ್ತೀರಿ? ಹೇಳಿ, ಕರೆಸುತ್ತೇವೆ" ಎಂದು ಕೇಳಬೇಕಿತ್ತು. ಅವರ ತಮ್ಮ ಬಾಗಿಲಲ್ಲೇ ನಿಂತಿದ್ದರು. ಜೊತೆಯಲ್ಲಿ ಕೆಲಸ ಮಾಡಿದ ಹುಡುಗರು ಅಂಗಳದಲ್ಲಿದ್ದರು. ಒಂದು ಮಾತು ಸಾಕಾಗಿತ್ತು. ಪ್ರಭು ಶಿಲುಬೆಯಿಂದ ಮಾಡಿದ್ದನ್ನು ಮಾಡಲು ಅವರಿಗೆ ಅವಕಾಶ ಕೊಡದೆ, ನಾವು ಪ್ರಭುವಿನ ಹೆಸರಲ್ಲಿ ಅವರ ಬಾಯಿ ಮುಚ್ಚಿಸಿದೆವು. ಕಳೆದ ವರ್ಷ ಆ ಊರಿನ ಹಬ್ಬಕ್ಕೆ ಹೋಗಿದ್ದಾಗ ಆ ಮನೆಯ ಮುಂದೆ ಹಾದುಹೋದೆವು. ಮೋಲ್ಡ್ ಇನ್ನೂ ಬಿದ್ದಿಲ್ಲ. ಲಿಂಟಲಿನ ಮೇಲೆ ಎರಡು ವರಸೆ ಇಟ್ಟಿಗೆ ಏರಿಸಿ ಶೀಟು ಹೊದಿಸಿದ್ದಾರೆ. ಒಳಗೆ ದೀಪ ಉರಿಯುತ್ತಿತ್ತು. ಮಗಳು ಹೊರಗೆ ಬಂದು ಸ್ತೋತ್ರ ಹೇಳಿ, ಕಾಫಿ ಕುಡಿದು ಹೋಗಿ ಎಂದಳು. ನಾವು ಒಳಗೆ ಹೋದೆವು.

ಪ್ರಿಯರೇ, ಇಂದು ಬಲಿಪೂಜೆ ಇಲ್ಲ. ಮುಂದೆ ಶಿಲುಬೆಯ ಆರಾಧನೆ ಇದೆ, ಅದಕ್ಕೂ ಮೊದಲು ಹತ್ತು ಮಹಾ ವಿಜ್ಞಾಪನೆಗಳಿವೆ. ಪ್ರತಿ ವರ್ಷ ಅವು ಉದ್ದವಾಯಿತೆಂದು ಗೊಣಗುವವರಿದ್ದಾರೆ, ನಮಗೆ ಗೊತ್ತು. ಹತ್ತನೆಯದು ಸಂಕಷ್ಟದಲ್ಲಿರುವವರಿಗಾಗಿ. ಅದರಲ್ಲಿ ಮರಣಾವಸ್ಥೆಯಲ್ಲಿರುವವರಿಗಾಗಿಯೂ ಪ್ರಾರ್ಥಿಸುತ್ತೇವೆ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಈ ಹೊತ್ತು ಹಾಸಿಗೆ ಹಿಡಿದವರ ಹೆಸರನ್ನು ಆಗ ಮನಸ್ಸಿನಲ್ಲಿ ಹೇಳಿ. ಸಂಜೆ ಹೋಗುವಾಗ ಅವರ ಪಕ್ಕ ಒಂದು ಗಳಿಗೆ ಕುಳಿತು, ನಿಮಗೆ ಒಪ್ಪಿಸಲು ಏನಾದರೂ ಇದೆಯೇ ಎಂದು ಕೇಳಿ.

ಈಗ ಎದ್ದು ನಿಲ್ಲೋಣ.